ಪಾತ್ರದ ನೆರಳಿನಲ್ಲಿ ವೈಲೆಟ್ ಕಾರ್ಸನ್

ನಾಟಕದಲ್ಲಿ ಬಣ್ಣ ಹಚ್ಚಿದವರು ಮಂಗಳ ಹಾಡಿದ ಬಳಿಕ ಬಣ್ಣ ತೊಳೆದುಕೊಂಡು ಮನೆಯ ಹಾದಿ ಹಿಡಿಯುತ್ತಾರೆ. ಇರುಳೆಲ್ಲ ಸಭಿಕರನ್ನು ನಡುಗಿಸಿದ ರಾವಣನು ಬೆಳಗಾಗುವಷ್ಟರಲ್ಲಿ ನೆರೆಮನೆಯ ಸಾಧು ಮನುಷ್ಯನಾಗಿರುತ್ತಾನೆ. ಆಡುವವರಿಗೂ ನೋಡುವವರಿಗೂ ಈ ಒಪ್ಪಂದ ತಿಳಿದುದೇ. ಆದರೆ ಮಂಗಳವನ್ನೇ ಹಾಡದ ನಾಟಕವೊಂದಿದ್ದರೆ ಅದರಲ್ಲಿ ವೇಷ ಕಟ್ಟಿದವರ ಗತಿಯೇನು? ಇಪ್ಪತ್ತು ವರ್ಷ ಕಾಲ ಒಂದೇ ವೇಷದಲ್ಲಿ ಲಕ್ಷಾಂತರ ಮನೆಗಳ ನಡುಮನೆಯನ್ನು ಹೊಕ್ಕವರು ಕೊನೆಗೆ ಯಾರಾಗಿ ಉಳಿಯುತ್ತಾರೆ? ಇಂಗ್ಲೆಂಡಿನ ನಟಿ ವೈಲೆಟ್ ಕಾರ್ಸನ್ನಳ ಬಾಳನ್ನು ಅವಲೋಕಿಸಿದವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದೆ ಇರದು.

ವೈಲೆಟ್ ಹೆಲೆನ್ ಕಾರ್ಸನ್ ಹುಟ್ಟಿದುದು ೧೮೯೮ನೆಯ ಇಸವಿ ಸೆಪ್ಟೆಂಬರ್ ೧ರಂದು, ಮ್ಯಾಂಚೆಸ್ಟರ್ ನಗರದ ಆಂಕೋಟ್ಸ್ ಎಂಬ ಕೇರಿಯಲ್ಲಿ. ಹತ್ತಿಯ ಗಿರಣಿಗಳ ಹೊಗೆಯಿಂದ ಕಪ್ಪಿಟ್ಟ ಇಟ್ಟಿಗೆಯ ಗೋಡೆಗಳು, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಶ್ರಮಜೀವಿಗಳ ಸಂಸಾರಗಳು—ಇವು ಆ ಕೇರಿಯ ಲಕ್ಷಣಗಳು. ತಂದೆ ಸ್ಕಾಟ್ಲೆಂಡಿನ ಮೂಲದವನು. ಹಿಟ್ಟಿನ ಗಿರಣಿಯಲ್ಲಿ ಆತನ ಕಸುಬು. ತಾಯಿಗೆ ಸಂಗೀತದಲ್ಲಿ ಬಲು ಆಸಕ್ತಿ, ಚೆನ್ನಾಗಿ ಹಾಡುತ್ತಿದ್ದಳು. ಆ ಆಸಕ್ತಿಯೇ ಮಕ್ಕಳಿಗೆ ಬಂದ ಆಸ್ತಿಯಾಯಿತು. ವೈಲೆಟ್ ಚಿಕ್ಕಂದಿನಲ್ಲೇ ಪಿಯಾನೋ ಕಲಿತಳು. ತಂಗಿ ನೆಲ್ಲಿಯೊಡಗೂಡಿ ಕಾರ್ಸನ್ ಸೋದರಿಯರೆಂಬ ಹೆಸರಿನಲ್ಲಿ ಸಣ್ಣಪುಟ್ಟ ಸಭೆಗಳಲ್ಲಿ ಹಾಡಿದಳು.

ಕತ್ತಲಲ್ಲಿ ಕುಳಿತ ಕಲಾವಿದೆ

ಆಗ ಮೂಕಚಿತ್ರಗಳ ಕಾಲ. ಪರದೆಯ ಮೇಲೆ ನಾಯಕನು ಕುದುರೆಯೇರಿ ಧಾವಿಸಿದರೆ, ನಾಯಕಿ ಕಣ್ಣೀರು ಸುರಿಸಿದರೆ, ಅದಕ್ಕೆ ಸದ್ದಿಲ್ಲ. ಸದ್ದನ್ನು ಒದಗಿಸುವ ಹೊಣೆ ಪರದೆಯ ಬುಡದಲ್ಲಿ ಪಿಯಾನೋದ ಮುಂದೆ ಕುಳಿತವರದು. ಹದಿಹರೆಯದಲ್ಲೇ ವೈಲೆಟ್ ಮ್ಯಾಂಚೆಸ್ಟರಿನ ಚಿತ್ರಮಂದಿರದಲ್ಲಿ ಈ ಕೆಲಸಕ್ಕೆ ಸೇರಿದಳು. ಕಣ್ಣು ಪರದೆಯ ಮೇಲಿರಬೇಕು. ಬೆರಳು ಮಾತ್ರ ತಾನೇ ತಾನಾಗಿ ಮಣೆಗಳ ಮೇಲೆ ಓಡುತ್ತಿರಬೇಕು. ನಗುವಿನಿಂದ ಅಳುವಿಗೆ, ಅಳುವಿನಿಂದ ಭಯಕ್ಕೆ ಕ್ಷಣಾರ್ಧದಲ್ಲಿ ಹೊರಳಬೇಕು. ನಟನೆಯ ಶಾಲೆಯನ್ನು ಮೆಟ್ಟದ ಈ ಹುಡುಗಿಗೆ ನಟನೆಯ ಮೊದಲ ಪಾಠ ಅಲ್ಲಿಯೇ ಆಯಿತೆಂದರೆ ತಪ್ಪಾಗಲಾರದು. ಆದರೆ ಆ ಸಂಗೀತಕ್ಕೆ ಆಯುಷ್ಯವೆಷ್ಟು? ಆಟ ಮುಗಿದು ದೀಪ ಹತ್ತಿದೊಡನೆ ಅದೂ ಮುಗಿಯಿತು. ನುಡಿಸಿದವಳ ಮುಖವನ್ನು ನೋಡಿದವರು ಕೂಡ ಕಡಿಮೆ.

೧೯೨೬ರಲ್ಲಿ ಆಕೆ ರಸ್ತೆ ಕಾಮಗಾರಿಯ ಗುತ್ತಿಗೆದಾರನಾಗಿದ್ದ ಜಾರ್ಜ್ ಪೆಪ್ಲೋ ಎಂಬಾತನ ಕೈ ಹಿಡಿದಳು. ದಾಂಪತ್ಯ ಬಾಳಿದುದು ಎರಡು ವರ್ಷ ಮಾತ್ರ. ೧೯೨೮ರಲ್ಲಿ ಎಳೆಯ ವಯಸ್ಸಿನಲ್ಲೇ ಜಾರ್ಜ್ ತೀರಿಕೊಂಡನು. ಮಕ್ಕಳಿರಲಿಲ್ಲ. ವೈಲೆಟ್ ಮತ್ತೆ ಮದುವೆಯಾಗಲಿಲ್ಲ. ವಿಧಿಯು ಒಂದು ಕೈಯಿಂದ ಹೊಡೆದು ಸುಮ್ಮನಾಗಲಿಲ್ಲ. ಅದೇ ವರ್ಷ ಮಾತನಾಡುವ ಚಿತ್ರಗಳು ಲಂಡನ್ನಿಗೆ ಬಂದುವು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲೆಲ್ಲ ಪಿಯಾನೋಗಳು ಮೂಲೆ ಸೇರಿದುವು. ಮೂವತ್ತರ ಆಸುಪಾಸಿನಲ್ಲಿದ್ದ ಈ ಹೆಂಗಸು ಪತಿಯನ್ನೂ ಕಳೆದುಕೊಂಡಳು, ಕಲಿತ ಕಸುಬಿನ ನೆಲೆಯನ್ನೂ ಕಳೆದುಕೊಂಡಳು.

ಗಾಳಿಗೆ ಹೋದ ಹಾಡುಗಳು

ಕೈಬಿಟ್ಟ ಯಂತ್ರಯುಗವೇ ಇನ್ನೊಂದು ಕಡೆಯಿಂದ ಕೈಹಿಡಿಯಿತು. ೧೯೩೫ರಲ್ಲಿ ಮ್ಯಾಂಚೆಸ್ಟರಿನ ಬಿ.ಬಿ.ಸಿ. ಬಾನುಲಿ ಕೇಂದ್ರ ಆಕೆಗೆ ಅವಕಾಶವಿತ್ತಿತು. ಪಿಯಾನೋ ನುಡಿಸುತ್ತ ತಾನೇ ಹಾಡುವುದು ಆಕೆಯ ಕಾರ್ಯಕ್ರಮ. ಹಾಸ್ಯದ ಹಾಡಿನಿಂದ ಗೀತನಾಟಕದ ಲಘು ಗೀತೆಯವರೆಗೆ ಆ ಕಂಠಕ್ಕೆ ಸಲ್ಲದುದಿರಲಿಲ್ಲ. ಮಕ್ಕಳ ಕಾರ್ಯಕ್ರಮದಲ್ಲಂತೂ ಆಕೆ ಎಳೆಯರ ಪ್ರೀತಿಯ ವೈ ಅತ್ತೆಯಾದಳು. ಉತ್ತರ ಇಂಗ್ಲೆಂಡಿನ ಒಂದು ಪೀಳಿಗೆಯೇ ಆಕೆಯ ಹಾಡು ಕೇಳಿಕೊಂಡು ಬೆಳೆಯಿತು. ಯುದ್ಧ ಮುಗಿದ ಮೇಲೆ ವಿಲ್‌ಫ್ರೆಡ್ ಪಿಕಲ್ಸ್ ಎಂಬ ಜನಪ್ರಿಯ ಬಾನುಲಿಗಾರನು ೧೯೪೬ರಲ್ಲಿ ಆರಂಭಿಸಿದ ‘ಹ್ಯಾವ್ ಎ ಗೋ’ ಎಂಬ ಪ್ರಶ್ನೋತ್ತರದ ಕಾರ್ಯಕ್ರಮದಲ್ಲಿ ಹಲವು ವರ್ಷ ಪಿಯಾನೋ ನುಡಿಸಿದಳು. ಸ್ತ್ರೀಯರ ಕಾರ್ಯಕ್ರಮವಾದ ‘ವುಮನ್ಸ್ ಅವರ್’ನಲ್ಲಿ ನಿರೂಪಕಿಯೂ ಆದಳು. ಬಾನುಲಿ ನಾಟಕಗಳಲ್ಲಿ ಸಣ್ಣದು ದೊಡ್ಡದೆನ್ನದೆ ಪಾತ್ರ ವಹಿಸಿದಳು.

ಹೀಗೆ ಇಪ್ಪತ್ತೈದು ವರ್ಷಗಳು ಕಳೆದುವು. ಜನ ಆಕೆಯ ಸ್ವರವನ್ನು ಬಲ್ಲವರಾಗಿದ್ದರು. ರೂಪವನ್ನು ಬಲ್ಲವರು ವಿರಳ. ಆ ದಿನಗಳ ಪ್ರಸಾರಗಳಲ್ಲಿ ಬಹುಪಾಲನ್ನು ಮುದ್ರಿಸಿ ಕಾಪಾಡುವ ಪದ್ಧತಿಯಿರಲಿಲ್ಲ. ಗಾಳಿಯಲ್ಲಿ ಬಂದ ಹಾಡುಗಳು ಗಾಳಿಗೇ ಹೋದುವು. ಅರವತ್ತು ತುಂಬಿದ ವೈಲೆಟ್ ಇನ್ನು ದುಡಿಮೆ ಸಾಕೆಂದು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಂದು ಯಾರೂ ನೆನೆಯುತ್ತಲೂ ಇರಲಿಲ್ಲ.

ಬೀದಿಯ ನಾಟಕ

ಮ್ಯಾಂಚೆಸ್ಟರಿನ ಗ್ರನಾಡಾ ಟೆಲಿವಿಷನ್ ಸಂಸ್ಥೆಯಲ್ಲಿ ಟೋನಿ ವಾರನ್ ಎಂಬ ತರುಣ ಲೇಖಕನಿದ್ದನು. ಹುಡುಗನಾಗಿದ್ದಾಗ ಆತನು ಬಾನುಲಿಯ ಮಕ್ಕಳ ಕಾರ್ಯಕ್ರಮದಲ್ಲಿ ವೈಲೆಟ್ ಜೊತೆ ನಟಿಸಿದ್ದವನೇ. ತಾನು ಕಂಡ ಉತ್ತರದೇಶದ ಶ್ರಮಜೀವಿಗಳ ಬೀದಿಯೊಂದನ್ನು ಹಾಗೆಯೇ ಟೆಲಿವಿಷನ್ನಿನಲ್ಲಿ ತೋರಿಸಬೇಕೆಂಬುದು ಆತನ ಹಂಬಲ. ಅಂದಿನ ಬ್ರಿಟಿಷ್ ಟೆಲಿವಿಷನ್ನಿನಲ್ಲಿ ದೊಡ್ಡ ಮನೆಗಳವರ ನಯವಾದ ದಕ್ಷಿಣದ ನುಡಿಗೇ ಮನ್ನಣೆ. ಲ್ಯಾಂಕಷೈರಿನ ಒರಟು ಮಾತು ಕೇಳಿಬಂದರೆ ಅದು ನಗೆಯಾಡಲು ಮಾತ್ರ. ಆ ಮಾತನ್ನಾಡುವವರಿಗೂ ಸುಖದುಃಖಗಳುಂಟು, ಮಾನ ಮರ್ಯಾದೆಗಳುಂಟು ಎಂದು ತೋರಿಸಹೊರಟ ನಾಟಕವೇ ‘ಕಾರೊನೇಷನ್ ಸ್ಟ್ರೀಟ್’. ಮೊದಲು ಅದಕ್ಕೆ ಮಂಜೂರಾದುದು ಹದಿಮೂರು ಕಂತುಗಳು ಮಾತ್ರ.

ಮುಗಿಯದ ಇಂಥ ಧಾರಾವಾಹಿಗಳಿಗೆ ಇಂಗ್ಲಿಷಿನಲ್ಲಿ ಸಾಬೂನಿನ ಹೆಸರು ಅಂಟಿಕೊಂಡಿರುವುದು ವಾಚಕರಿಗೆ ತಿಳಿದಿರಬಹುದು. ೧೯೩೦ರ ದಶಕದಲ್ಲಿ ಅಮೆರಿಕದ ಸಾಬೂನು ತಯಾರಕರು ಗೃಹಿಣಿಯರನ್ನು ಸೆಳೆಯಲೆಂದು ಬಾನುಲಿ ಧಾರಾವಾಹಿಗಳಿಗೆ ಹಣ ಒದಗಿಸಿದುದೇ ಇದಕ್ಕೆ ಕಾರಣ. ಅಗ್ಗದ ಸರಕೆಂಬ ತಾತ್ಸಾರ ಆ ಹೆಸರಿನಲ್ಲೇ ಅಡಗಿದೆ. ಅಂಥ ಹೆಸರಿನಡಿಯಲ್ಲಿ ಬಂದ ಈ ನಾಟಕವನ್ನು ಕವಿ ಜಾನ್ ಬೆಟ್ಜಮನ್ ಮೆಚ್ಚಿ, ಡಿಕನ್ಸನ ಕೃತಿಯೊಡನೆ ಹೋಲಿಸಿದುದೊಂದು ವಿಶೇಷ.

ನಾಟಕದ ಕೇಂದ್ರದಲ್ಲಿದ್ದವಳು ಈನಾ ಶಾರ್ಪಲ್ಸ್ ಎಂಬ ವಿಧವೆ. ಬೀದಿಯ ಪ್ರಾರ್ಥನಾ ಮಂದಿರವನ್ನು ನೋಡಿಕೊಳ್ಳುವ ಮುದುಕಿ. ಊರವರ ಗುಟ್ಟೆಲ್ಲ ಆಕೆಗೆ ಬೇಕು. ತಪ್ಪಿದವರನ್ನು ನಡುಬೀದಿಯಲ್ಲಿ ನಿಲ್ಲಿಸಿ ಝಾಡಿಸದೆ ಬಿಡಳು. ಹಲವು ನಟಿಯರನ್ನು ಕರೆಸಿ ನೋಡಿದರೂ ಯಾರೂ ಒಗ್ಗಲಿಲ್ಲ. ಪಾತ್ರವನ್ನೇ ಕೈಬಿಡುವ ಮಾತು ನಡೆದಿದ್ದಾಗ ವಾರನ್ನನಿಗೆ ಬಾನುಲಿಯ ವೈಲೆಟ್ ನೆನಪಾದಳು. ಬಂದು ಓದಿದಳು, ಆ ಕ್ಷಣದಲ್ಲಿ ಈನಾ ಶಾರ್ಪಲ್ಸ್ ಜೀವ ತಳೆದಳು. ಆಂಕೋಟ್ಸ್ ಕೇರಿಯಲ್ಲಿ ಹುಟ್ಟಿದವಳಿಗೆ ಇಂಥ ಮುದುಕಿಯರು ಅಪರಿಚಿತರಲ್ಲವಷ್ಟೆ.

೧೯೬೦ನೆಯ ಡಿಸೆಂಬರ್ ೯, ಶುಕ್ರವಾರ ಸಂಜೆ ಮೊದಲ ಕಂತು ನೇರವಾಗಿ ಪ್ರಸಾರವಾಯಿತು. ತಪ್ಪಿದರೆ ತಿದ್ದುವ ಅವಕಾಶವಿಲ್ಲ. ಬೀದಿಯ ಮೂಲೆಯ ಅಂಗಡಿಗೆ ಹೊಸ ಒಡತಿ ಬಂದಿದ್ದಾಳೆ. ಒಳಹೊಕ್ಕ ಈನಾ ಕೇಕು ಕೊಳ್ಳುತ್ತಲೇ ಆಕೆಯ ಮತ ಯಾವುದು, ಆಚಾರವೇನು ಎಂದು ಜಡ್ಜಿಯಂತೆ ವಿಚಾರಣೆ ನಡೆಸುತ್ತಾಳೆ. ಕೂದಲನ್ನು ಬಿಗಿದು ಕಟ್ಟಿದ ನೂಲಿನ ಬಲೆ, ಮಾಸಿದ ಕೋಟು, ಗಂಟಿಕ್ಕಿದ ಹುಬ್ಬು, ಮುಂಚಾಚಿದ ಗದ್ದ! ನೋಡಿದವರು ಮರೆಯುವಂತಿರಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ವೈಲೆಟ್ ಕಾರ್ಸನ್ ದೇಶಪ್ರಸಿದ್ಧಳಾದಳು. ೧೯೬೧ರ ಕೊನೆಯ ವೇಳೆಗೆ ಧಾರಾವಾಹಿ ಬ್ರಿಟನ್ನಿನಲ್ಲಿ ಅತ್ಯಂತ ಹೆಚ್ಚು ಜನ ನೋಡುವ ಕಾರ್ಯಕ್ರಮಗಳ ಸಾಲಿಗೆ ಸೇರಿತ್ತು. ಆ ವರ್ಷ ಬ್ಲ್ಯಾಕ್‌ಪೂಲ್ ಕಡಲ ತೀರದ ವಾರ್ಷಿಕ ದೀಪೋತ್ಸವದ ಗುಂಡಿಯೊತ್ತಲು ಆಹ್ವಾನಿಸಿದುದು ಆಕೆಯನ್ನೇ.

ಕಿರುಚುವ ಮುದುಕಿಯೊಬ್ಬಳನ್ನು ಮಾತ್ರ ಆಕೆ ತೋರಿಸಿದ್ದರೆ ಇಷ್ಟು ಕಾಲ ಜನ ಸಹಿಸುತ್ತಿರಲಿಲ್ಲ. ‘ರೋವರ್ಸ್ ರಿಟರ್ನ್’ ಎಂಬ ಪಾನಗೃಹದ ಪುಟ್ಟ ಕೋಣೆಯಲ್ಲಿ ಕಪ್ಪು ಬಿಯರಿನ ಲೋಟ ಹಿಡಿದು ಕುಳಿತ ಮೂವರು ಮುದುಕಿಯರು—ಈನಾ, ಮಿನ್ನಿ ಕಾಲ್ಡ್‌ವೆಲ್, ಮಾರ್ಥಾ ಲಾಂಗ್‌ಹರ್ಸ್ಟ್—ಆ ಬೀದಿಯ ನ್ಯಾಯಸ್ಥಾನವಾಗಿದ್ದರು. ೧೯೬೪ರಲ್ಲಿ ನಿರ್ಮಾಪಕರು ಮಾರ್ಥಾಳನ್ನು ಅದೇ ಕೋಣೆಯಲ್ಲಿ ಹೃದಯಾಘಾತಕ್ಕೆ ಬಲಿಕೊಟ್ಟಾಗ ತಂಡದವರಿಗೇ ಸಂಕಟವಾಯಿತು. ೧೯೬೭ರಲ್ಲಿ ಸೇತುವೆಯಿಂದ ರೈಲು ಬಿದ್ದ ಕಥೆಯಲ್ಲಿ ಈನಾ ಅವಶೇಷಗಳಡಿ ಸಿಕ್ಕಿ ಬದುಕಿ ಬಂದಳು. ಬೈಗುಳದ ಹಿಂದೆ ಒಂಟಿತನವನ್ನು, ಹಟದ ಹಿಂದೆ ಕಕ್ಕುಲತೆಯನ್ನು ಕಣ್ಣಂಚಿನಲ್ಲಿ ಮಿಂಚಿಸುವ ಕಲೆ ವೈಲೆಟ್‌ಗೆ ಸಿದ್ಧಿಸಿತ್ತು. ತಾನೂ ಮೂವತ್ತೆರಡು ವರ್ಷಗಳ ವೈಧವ್ಯವನ್ನು ಕಂಡು ಆ ಪಾತ್ರಕ್ಕೆ ಬಂದವಳೆಂಬುದನ್ನು ಇಲ್ಲಿ ನೆನೆಯಬೇಕು.

ಕೀರ್ತಿಯ ಬೆಲೆ

ಮನ್ನಣೆಗಳಿಗೆ ಕೊರತೆಯಾಗಲಿಲ್ಲ. ೧೯೬೫ರಲ್ಲಿ ಒ.ಬಿ.ಇ. ಬಿರುದು ಬಂತು, ೧೯೭೩ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯ ಗೌರವ ಎಂ.ಎ. ಪದವಿಯನ್ನಿತ್ತಿತು. ಲಂಡನ್ನಿನ ಮದಾಂ ಟುಸ್ಸೋ ಸಂಗ್ರಹಾಲಯದಲ್ಲಿ ಮೇಣದ ಪ್ರತಿಮೆ ನಿಂತಿತು. ಆದರೆ ಬೀದಿಯಲ್ಲಿ ಹೊರಟರೆ ಜನ ಕೂಗುತ್ತಿದ್ದುದು ಈನಾಳನ್ನು. ವೈಲೆಟ್ ಎಂಬುವಳು ಅವರ ಪಾಲಿಗೆ ಇರಲೇ ಇಲ್ಲ. ಮನೆಯಲ್ಲಿ ಆಕೆ ಬೆಳ್ಳಿಗೂದಲನ್ನು ಓರಣವಾಗಿ ಬಾಚಿ, ಅಂದವಾಗಿ ಉಟ್ಟುತೊಟ್ಟು, ಮೆಲುದನಿಯಲ್ಲಿ ಮಾತಾಡುವ ಸಂಭಾವಿತ ಗೃಹಿಣಿ. ‘ಸ್ಟಾರ್ಸ್ ಆನ್ ಸಂಡೇ’ ಎಂಬ ಭಾನುವಾರದ ಭಕ್ತಿಗೀತೆಗಳ ಕಾರ್ಯಕ್ರಮದಲ್ಲಿ ಆಕೆ ತನ್ನ ನಿಜರೂಪದಲ್ಲಿ ಹಾಡಿದಾಗ, ಇವಳೇ ಅವಳೇ ಎಂದು ನೋಡಿದವರು ಅಚ್ಚರಿಪಟ್ಟರು.

ಐವತ್ತು ವರ್ಷ ಸಾಧನೆ ಮಾಡಿದ ಸಂಗೀತವನ್ನು ಮರೆತು, ಅರವತ್ತರ ಮೇಲೆ ತೊಟ್ಟ ವೇಷವನ್ನೇ ಲೋಕ ನೆನಪಿಟ್ಟುಕೊಂಡಿತೆಂಬ ಕೊರಗು ಕೊನೆಗಾಲದಲ್ಲಿ ಆಕೆಯನ್ನು ಬಿಡಲಿಲ್ಲ. ಪಾತ್ರವೇ ತನ್ನನ್ನು ನುಂಗಿತೆಂಬ ಭಾವನೆಯನ್ನು ಆಕೆ ಮುಚ್ಚಿಡಲೂ ಇಲ್ಲ. ಆದರೂ ಪಾತ್ರವನ್ನು ತೊರೆಯಲಿಲ್ಲ. ೧೯೭೦ರ ದಶಕದಲ್ಲಿ ಆರೋಗ್ಯ ಕೆಟ್ಟು, ಕಾಣಿಸಿಕೊಳ್ಳುವುದು ವಿರಳವಾಯಿತು. ೧೯೮೦ರ ಏಪ್ರಿಲಿನಲ್ಲಿ, ಕಡಲ ತೀರದ ಸೇಂಟ್ ಆನ್ಸ್ ಪಟ್ಟಣಕ್ಕೆ ಹೋಗಿಬರುವೆನೆಂದು ಹೊರಟ ಈನಾ ಮತ್ತೆ ಆ ಬೀದಿಗೆ ಮರಳಲಿಲ್ಲ. ಆಕೆಯ ಸಾವನ್ನು ನಿರ್ಮಾಪಕರು ತೆರೆಯ ಮೇಲೆ ತೋರಿಸಲಿಲ್ಲ. ನಿಜವಾದ ವೈಲೆಟ್ ಬ್ಲ್ಯಾಕ್‌ಪೂಲಿನ ಬಿಸ್ಪಮ್ ಬಡಾವಣೆಯ ಮನೆಯಲ್ಲಿ ತಂಗಿ ನೆಲ್ಲಿಯೊಡನೆ ಉಳಿದ ದಿನಗಳನ್ನು ಕಳೆದು, ೧೯೮೩ರ ಡಿಸೆಂಬರ್ ೨೬ರಂದು ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಾಬೂನಿನ ಹೆಸರಿನ ಆ ನಾಟಕ ಆಕೆಗಾಗಿ ನಿಲ್ಲಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಅದರ ಹತ್ತು ಸಾವಿರನೆಯ ಕಂತು ಪ್ರಸಾರವಾಯಿತು.

ವೈಲೆಟ್‌ಗೆ ಅನ್ಯಾಯವಾಯಿತೆ? ಆಯಿತೆಂದು ಹೇಳುವುದು ಸುಲಭ. ಆದರೆ ಯೋಚಿಸಿದರೆ ವಿಚಿತ್ರವೊಂದು ತೋರುತ್ತದೆ. ಆಕೆ ಮನಸಾರೆ ಪ್ರೀತಿಸಿದ ಸಂಗೀತ ಮೂಕಚಿತ್ರದ ಕತ್ತಲಲ್ಲಿ ಕರಗಿತು, ಬಾನುಲಿಯ ಗಾಳಿಯಲ್ಲಿ ಹರಡಿಹೋಯಿತು. ಉಳಿದು ಬಂದುದು ಆಕೆಗೆ ತನ್ನದೆನಿಸದ ಮುಖ. ಅದನ್ನು ತೊಡದಿದ್ದರೆ ಇಂದು ಆಕೆಯ ಹೆಸರನ್ನು ಎತ್ತುವವರೂ ಇರುತ್ತಿರಲಿಲ್ಲ. ಯಾವುದು ಮರೆಮಾಡಿತೋ ಅದೇ ಕಾಪಾಡಿತು.

ಈನಾಳ ಹಂಗಿಲ್ಲದೆ ಆಕೆಯ ಸ್ವಂತ ಹೆಸರನ್ನೇ ಹೊತ್ತ ವಸ್ತುವೊಂದಿದೆ: ೧೯೬೪ರಲ್ಲಿ ಮಾರುಕಟ್ಟೆಗೆ ಬಂದ ನಸುಗೆಂಪಿನ ಗುಲಾಬಿ ತಳಿ. ಉತ್ತರ ಐರ್ಲೆಂಡಿನ ಹೆಸರಾಂತ ಗುಲಾಬಿ ಕೃಷಿಕ ಸ್ಯಾಮ್ ಮೆಕ್‌ಗ್ರೆಡಿ ಬೆಳೆಸಿದ ಅದಕ್ಕೆ ‘ವೈಲೆಟ್ ಕಾರ್ಸನ್’ ಎಂದೇ ಹೆಸರು. ಧಾರಾವಾಹಿಯ ಹಳೆಯ ಕಂತುಗಳೂ ಇವೆ. ಅವುಗಳಲ್ಲಿ ಆ ಸಿಡುಕು ಮುದುಕಿ ಕೆಲವೊಮ್ಮೆ ಬೈಗುಳ ನಿಲ್ಲಿಸಿ, ಪ್ರಾರ್ಥನಾ ಮಂದಿರದ ಹಾರ್ಮೋನಿಯಮ್ಮಿನ ಮುಂದೆ ಕುಳಿತುಕೊಳ್ಳುವಳು. ಮುಖ ಈನಾಳದೇ. ಆದರೆ ಮಣೆಗಳ ಮೇಲೆ ಓಡುವ ಬೆರಳುಗಳು, ಆಂಕೋಟ್ಸ್ ಕೇರಿಯಲ್ಲಿ ಪಾಠ ಕಲಿತು ಕತ್ತಲ ಚಿತ್ರಮಂದಿರದಲ್ಲಿ ಪಳಗಿದ ಹುಡುಗಿಯವು.