ಬೆಳಕನ್ನು ಕೂಡಿಟ್ಟ ಹೆನ್ರಿ ಡ್ರೇಪರ್

ಮಾಗಿಯ ಇರುಳುಗಳಲ್ಲಿ ಮೂಡಣದಿಂದ ಏರಿ ಬರುವ ಮಹಾವ್ಯಾಧನನ್ನು ಬಲ್ಲವರಿಗೆ ಅವನ ನಡುಪಟ್ಟಿಯ ಮೂರು ನಕ್ಷತ್ರಗಳೂ ಅವುಗಳ ಕೆಳಗೆ ತೂಗುವ ಖಡ್ಗವೂ ಪರಿಚಿತವೇ. ಆ ಖಡ್ಗದ ನಡುವಿನ ಒಂದು ಚುಕ್ಕೆ ಮಾತ್ರ ಉಳಿದ ನಕ್ಷತ್ರಗಳಂತೆ ಮಿನುಗುವುದಿಲ್ಲ. ಉಸಿರು ತಾಗಿದ ಕನ್ನಡಿಯಂತೆ ಮಸುಕಾಗಿರುತ್ತದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ದೂರದರ್ಶಕ ಬಂದಂದಿನಿಂದ ಅದನ್ನು ನೋಡಿದವರೆಲ್ಲರೂ ಕಾಗದದ ಮೇಲೆ ಬರೆದಿಡಲು ಯತ್ನಿಸಿದರು. ಹೈಗೆನ್ಸನು 1659ರಲ್ಲಿ ತನ್ನ ಚಿತ್ರವನ್ನು ಅಚ್ಚುಹಾಕಿಸಿದ. ಅಲ್ಲಿಂದ ಮುಂದಕ್ಕೆ ಇನ್ನೂರು ವರ್ಷ ಎಷ್ಟೋ ಮಂದಿ ನಿಪುಣರು ರಾತ್ರಿಗಟ್ಟಲೆ ಕಣ್ಣು ನೋಯಿಸಿಕೊಂಡು ಚಿತ್ರ ಬರೆದರು. ವಿಷಾದದ ಸಂಗತಿಯೆಂದರೆ ಒಬ್ಬನ ಚಿತ್ರ ಇನ್ನೊಬ್ಬನದನ್ನು ಹೋಲಲಿಲ್ಲ. ನೀಹಾರಿಕೆಯೇ ಬದಲಾಗುತ್ತಿದೆಯೋ, ಬರೆಯುವವರ ಕಣ್ಣು ಕೈಗಳು ಬೇರೆಬೇರೆಯೋ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಕ್ಷಿ ಎಲ್ಲಿಯೂ ಇರಲಿಲ್ಲ. ಅಂಥ ಸಾಕ್ಷಿಯನ್ನು ಮೊದಲು ಒದಗಿಸಿದವನು ಯಾವ ರಾಜಾಶ್ರಯದ ವೀಕ್ಷಣಾಲಯದವನೂ ಅಲ್ಲ. ಅಮೆರಿಕದ ಒಬ್ಬ ವೈದ್ಯ. ತಂದೆಯ ತೋಟದ ದಿಬ್ಬದ ಮೇಲೆ ಸ್ವಂತ ಕೈಯಿಂದ ದೂರದರ್ಶಕ ಕಟ್ಟಿಕೊಂಡವನು. ಅವನೇ ಹೆನ್ರಿ ಡ್ರೇಪರ್.

ಹೆನ್ರಿ ಹುಟ್ಟಿದ್ದು 1837ರ ಮಾರ್ಚ್ 7ರಂದು, ವರ್ಜೀನಿಯ ಪ್ರಾಂತದಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ಮನೆಯವರು ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿದರು. ತಂದೆ ಜಾನ್ ವಿಲಿಯಂ ಡ್ರೇಪರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಡಗೇರನು ಪ್ಯಾರಿಸಿನಲ್ಲಿ ತನ್ನ ಛಾಯಾಚಿತ್ರ ವಿಧಾನವನ್ನು ಬಯಲು ಮಾಡಿದ್ದು 1839ರಲ್ಲಿ. ಅದರ ಮರುವರ್ಷವೇ ಜಾನ್ ಡ್ರೇಪರನು ತನ್ನ ಅಕ್ಕ ಡೊರೊತಿಯನ್ನು ಬಿಸಿಲಿನಲ್ಲಿ ಅಲ್ಲಾಡದಂತೆ ಕೂರಿಸಿ ಅವಳ ಮುಖವನ್ನು ಬೆಳ್ಳಿಯ ತಗಡಿನ ಮೇಲೆ ಹಿಡಿದ. ಅದೇ 1840ರಲ್ಲಿ ಚಂದ್ರನ ಬೆಳಕನ್ನು ಇಪ್ಪತ್ತು ನಿಮಿಷ ತಗಡಿನ ಮೇಲೆ ಬೀಳಿಸಿ, ಒಂದಂಗುಲ ಅಗಲದ ಚಂದ್ರಬಿಂಬವನ್ನೂ ಪಡೆದ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಬೆಳಕು ಆಟದ ಸಾಮಾನಾದದ್ದರಲ್ಲಿ ಆಶ್ಚರ್ಯವೇನು? ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ತಂದೆಯ ಶರೀರಶಾಸ್ತ್ರ ಗ್ರಂಥಕ್ಕಾಗಿ ಛಾಯಾಚಿತ್ರವಾಗಿಸುವ ಕೆಲಸದಲ್ಲಿ ಹೆನ್ರಿ ಹುಡುಗನಾಗಿದ್ದಾಗಲೇ ನೆರವಾದ. ಮುಂದೆ ವೈದ್ಯಕೀಯ ಪದವಿಗಾಗಿ ಪ್ಲೀಹವನ್ನು ಕುರಿತು ಪ್ರಬಂಧ ಬರೆದಾಗಲೂ ಅದರ ಚಿತ್ರಗಳು ಅಂಥವೇ.

ಇಪ್ಪತ್ತನೆಯ ವಯಸ್ಸಿಗೆ ವೈದ್ಯಕೀಯ ವ್ಯಾಸಂಗ ಮುಗಿಯಿತು; ಆದರೆ ಪದವಿ ಕೊಡಲು ವಯಸ್ಸು ಸಾಲದಾಯಿತು. ಆ ಬಿಡುವಿನಲ್ಲಿ, 1857ರಲ್ಲಿ, ಅಣ್ಣತಮ್ಮಂದಿರಿಬ್ಬರು ಯೂರೋಪಿಗೆ ಹೊರಟರು. ಐರ್ಲೆಂಡಿನ ಪಾರ್ಸನ್ಸ್‌ಟೌನಿನಲ್ಲಿ ಲಾರ್ಡ್ ರಾಸನು ಕಟ್ಟಿಸಿದ್ದ ಆರು ಅಡಿ ಅಗಲದ ದರ್ಪಣವುಳ್ಳ ದೈತ್ಯ ದೂರದರ್ಶಕವನ್ನು ಹೆನ್ರಿ ಕಂಡದ್ದು ಆಗ. ಜಗತ್ತಿನಲ್ಲಿ ಆ ಕಾಲಕ್ಕೆ ಅದೇ ಎಲ್ಲಕ್ಕಿಂತ ದೊಡ್ಡದು. ನೋಡಿದವರು ಬೆರಗಾಗಿ ಹಿಂದಿರುಗುತ್ತಿದ್ದರು. ಹೆನ್ರಿಯ ಬೆರಗು ಮಾತ್ರ ಒಂದು ಹಟವಾಗಿ ತಿರುಗಿತು. ಇಂಥದೊಂದನ್ನು ತಾನೂ ಮಾಡಬೇಕು. ಆದರೆ ಅದರ ತುದಿಯಲ್ಲಿ ಕಣ್ಣಿನ ಬದಲು ಛಾಯಾಫಲಕವನ್ನಿಡಬೇಕು.

ಊರಿಗೆ ಬಂದವನು ಪದವಿ ಪಡೆದು ಬೆಲ್‌ವ್ಯೂ ಆಸ್ಪತ್ರೆಯಲ್ಲಿ ವೈದ್ಯನಾದ. ಬಿಡುವಿನ ವೇಳೆಯಲ್ಲಿ, ನಗರದಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದ ಹೇಸ್ಟಿಂಗ್ಸ್ ಎಂಬಲ್ಲಿ ಹಡ್ಸನ್ ನದಿಯ ದಂಡೆಯ ತಂದೆಯ ತೋಟದಲ್ಲಿ, ತಾಮ್ರ ತವರಗಳನ್ನು ಬೆರೆಸಿ ಎರಕಹೊಯ್ದ ಲೋಹದ ದರ್ಪಣವನ್ನು ಉಜ್ಜತೊಡಗಿದ. ಹದಿನೈದು ಅಂಗುಲದ ಆ ದರ್ಪಣಕ್ಕೆ ತಿಂಗಳುಗಟ್ಟಲೆ ಬೆವರು ಸುರಿದಿತ್ತು. 1860ರ ಚಳಿಗಾಲದ ಒಂದು ರಾತ್ರಿ ದರ್ಪಣದ ಪೀಠದಲ್ಲಿ ನಿಂತಿದ್ದ ನಾಲ್ಕು ಹನಿ ನೀರು ಹೆಪ್ಪುಗಟ್ಟಿ ಹಿಗ್ಗಿತು. ದರ್ಪಣ ಎರಡು ಹೋಳಾಯಿತು.

ಅದೇ ವರ್ಷದ ಬೇಸಿಗೆಯಲ್ಲಿ ತಂದೆ ಆಕ್ಸ್‌ಫರ್ಡಿನ ವಿಜ್ಞಾನ ಸಮ್ಮೇಳನಕ್ಕೆ ಹೋಗಿದ್ದ. ಡಾರ್ವಿನ್ನನ ವಾದದ ಮೇಲೆ ಹಕ್ಸ್ಲಿಗೂ ಬಿಷಪ್ ವಿಲ್ಬರ್‌ಫೋರ್ಸನಿಗೂ ಜಟಾಪಟಿ ನಡೆದ ಸುಪ್ರಸಿದ್ಧ ಸಭೆ ಅದು. ಆ ಸಭೆ ಸೇರಿದ್ದು ಜಾನ್ ಡ್ರೇಪರನ ಉಪನ್ಯಾಸವನ್ನು ಕೇಳಲೆಂದು ಎಂಬುದನ್ನು ಈಗ ಎಲ್ಲರೂ ಮರೆತಿದ್ದಾರೆ. ಚರಿತ್ರೆ ಹಾಗೆ ಮರೆತರೂ ಆ ಪ್ರಯಾಣ ಮಗನಿಗೆ ಫಲಿಸಿತು. ಮಗನ ದರ್ಪಣ ಒಡೆದ ಕಥೆಯನ್ನು ತಂದೆಯಿಂದ ಕೇಳಿದ ಸರ್ ಜಾನ್ ಹರ್ಷೆಲ್, ಲೋಹವನ್ನು ಬಿಟ್ಟು ಗಾಜನ್ನು ಹಿಡಿಯುವಂತೆಯೂ ಅದರ ಮೈಗೆ ಬೆಳ್ಳಿಯ ತೆಳುಲೇಪ ಕೊಡುವಂತೆಯೂ ಸಲಹೆ ಮಾಡಿದ. ಬೆಳ್ಳಿ ಹೆಚ್ಚು ಬೆಳಕನ್ನು ಪ್ರತಿಫಲಿಸುತ್ತದೆ, ಗಾಜು ಹಗುರ, ಲೇಪ ಮಾಸಿದರೆ ತೊಳೆದು ಮತ್ತೆ ಬಳಿಯಬಹುದು, ಗಾಜಿನ ಆಕಾರಕ್ಕೆ ಊನವಿಲ್ಲ. ಹೆನ್ರಿ ಮೊದಲಿನಿಂದ ಆರಂಭಿಸಿದ. ಉಜ್ಜುವುದಕ್ಕಾಗಿ ಏಳು ಯಂತ್ರಗಳನ್ನು ಒಂದಾದಮೇಲೊಂದು ಕಟ್ಟಿದ. ಚಿಕ್ಕವು ದೊಡ್ಡವು ಸೇರಿ ನೂರಕ್ಕೂ ಮಿಕ್ಕಿ ದರ್ಪಣಗಳನ್ನು ಉಜ್ಜಿದ. ಕೊನೆಗೆ ಹದಿನೈದೂವರೆ ಅಂಗುಲದ್ದೊಂದು ಮನಸ್ಸಿಗೆ ಒಪ್ಪಿತು. ಈ ಅನುಭವವನ್ನೆಲ್ಲ ಬರೆದಿಟ್ಟ ಆತನ ಗ್ರಂಥವನ್ನು 1864ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಪ್ರಕಟಿಸಿತು. ಮನೆಯಲ್ಲೇ ದರ್ಪಣ ಉಜ್ಜುವ ಹವ್ಯಾಸಿಗಳಿಗೆ ಬಹುಕಾಲ ಅದೇ ಕೈಪಿಡಿ. ತಾನು ಸೋತ ಬಗೆಗಳನ್ನು ಇಷ್ಟು ನಿಸ್ಸಂಕೋಚವಾಗಿ ಹೇಳಿಕೊಂಡಿರುವ ಶಾಸ್ತ್ರಗ್ರಂಥ ವಿರಳವೆಂದೇ ನನ್ನ ಎಣಿಕೆ.

ಈ ನಡುವೆ 1862ರಲ್ಲಿ ಅಂತರ್ಯುದ್ಧದ ಸೇನೆಯಲ್ಲಿ ಕೆಲಕಾಲ ಶಸ್ತ್ರವೈದ್ಯನಾಗಿ ದುಡಿದು, ಆರೋಗ್ಯ ಕೆಡಿಸಿಕೊಂಡು ಮರಳಿದ. 1863ರಲ್ಲಿ ಚಂದ್ರನ ಬೇಟೆ ತೊಡಗಿತು. ಭೂಮಿ ತಿರುಗುವುದರಿಂದ ಆಕಾಶದ ವಸ್ತು ಫಲಕದ ಮೇಲೆ ನಿಲ್ಲದೆ ಸರಿಯುತ್ತದೆ. ಅದನ್ನು ಹಿಂಬಾಲಿಸದಿದ್ದರೆ ಚಿತ್ರ ಅಲುಕಿಹೋಗುತ್ತದೆ. ಭಾರವಾದ ದೂರದರ್ಶಕವನ್ನು ನಯವಾಗಿ ತಿರುಗಿಸುವುದು ಕಷ್ಟವೆಂದು ಕಂಡು ಡ್ರೇಪರನು ಫಲಕವನ್ನು ಮಾತ್ರ ಸರಿಸುವ ಉಪಾಯ ಹೂಡಿದ. ಅದನ್ನು ನಡೆಸಲು, ನಮ್ಮ ಹಿರಿಯರ ಘಟಿಕಾಪಾತ್ರೆಯನ್ನು ನೆನಪಿಗೆ ತರುವಂಥ ಒಂದು ಜಲಗಡಿಯಾರ. ಹೀಗೆ ಸುಮಾರು ಒಂದೂವರೆ ಸಾವಿರ ಫಲಕಗಳಲ್ಲಿ ಚಂದ್ರನನ್ನು ಹಿಡಿದ. ಅವುಗಳಲ್ಲಿ ಒಂದನ್ನು ಐವತ್ತು ಅಂಗುಲದ ಅಗಲಕ್ಕೆ ಹಿಗ್ಗಿಸಿದರೂ ಬೆಟ್ಟಕುಳಿಗಳ ಅಂಚು ಕೆಡಲಿಲ್ಲವಂತೆ.

1867ರ ನವೆಂಬರಿನಲ್ಲಿ ಮೇರಿ ಅನ್ನಾ ಪಾಮರ್ ಎಂಬ ಶ್ರೀಮಂತ ಕನ್ಯೆಯೊಡನೆ ವಿವಾಹ. ನವದಂಪತಿಗಳು ಮೊದಲು ಜೊತೆಯಾಗಿ ಹೋದದ್ದು ಇಪ್ಪತ್ತೆಂಟು ಅಂಗುಲದ ದರ್ಪಣಕ್ಕೆ ಬೇಕಾದ ಗಾಜಿನ ಬಿಲ್ಲೆಯನ್ನು ಆರಿಸುವುದಕ್ಕೆ. ತಮ್ಮ ಮದುವೆಯ ವಿಹಾರವೆಂದು ಅದನ್ನೇ ಅವರು ಹೇಳಿಕೊಂಡು ನಗುತ್ತಿದ್ದರಂತೆ. ಗಂಡಂದಿರ ವಿದ್ಯಾವ್ಯಸನವನ್ನು ಸಹಿಸಿಕೊಂಡ ಹೆಂಡತಿಯರ ಕಥೆಗಳು ಬೇಕಾದಷ್ಟಿವೆ. ಮೇರಿಯದು ಆ ಜಾತಿಯ ಸಹನೆಯಲ್ಲ, ಸಹೋದ್ಯೋಗ. ಆ ಕಾಲದ ಫಲಕಗಳ ಮೇಲೆ ಕೊಲೋಡಿಯನ್ ದ್ರವವನ್ನು ಹೊಯ್ದು, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಮುಗಿಸಬೇಕು. ಕೆಲವು ನಿಮಿಷ ತಡವಾದರೆ ಫಲಕ ಒಣಗಿ ವ್ಯರ್ಥ. ಕತ್ತಲಲ್ಲಿ ಆ ಲೇಪ ಹೊಯ್ಯುವ ಕೆಲಸ ಮೇರಿಯ ಪಾಲಿನದು. ಬೇಸಿಗೆಯ ಸಂಜೆಗಳಲ್ಲಿ ದಂಪತಿಗಳು ಡಾಬ್ಸ್‌ಫೆರಿಯ ಮನೆಯಿಂದ ಎರಡು ಮೈಲಿ ಗಾಡಿ ಹೊಡೆದುಕೊಂಡು ಹೇಸ್ಟಿಂಗ್ಸಿನ ದಿಬ್ಬಕ್ಕೆ ಬರುವರು.

1872ರ ಆಗಸ್ಟಿನಲ್ಲಿ, ಹೊಸ ದರ್ಪಣದ ನೆರವಿನಿಂದ, ಅಭಿಜಿತ್ ನಕ್ಷತ್ರದ ವರ್ಣಪಟಲ ಫಲಕದ ಮೇಲೆ ಮೂಡಿತು; ಅದರಲ್ಲಿ ನಾಲ್ಕು ಕಪ್ಪು ಗೆರೆಗಳು ಸ್ಪಷ್ಟವಾಗಿದ್ದವು. ಲಂಡನ್ನಿನ ವಿಲಿಯಂ ಹಗ್ಗಿನ್ಸನು ಒಂಬತ್ತು ವರ್ಷಗಳ ಹಿಂದೆ ಯತ್ನಿಸಿದಾಗ ಇಂಥ ಗೆರೆಗಳು ಬಂದಿರಲಿಲ್ಲ. ಒಂದು ನಕ್ಷತ್ರ ಯಾವ ಧಾತುಗಳಿಂದಾಗಿದೆಯೆಂಬುದು ಅದು ತಾನೇ ಬರೆದುಕೊಟ್ಟ ಪತ್ರದಂತೆ ಗಾಜಿನ ಮೇಲೆ ಉಳಿದದ್ದು ಅದೇ ಮೊದಲು.

1874ರ ಶುಕ್ರಸಂಕ್ರಮಣಕ್ಕೆ ಅಮೆರಿಕದ ಸರ್ಕಾರ ಅನೇಕ ತಂಡಗಳನ್ನು ದೂರದೇಶಗಳಿಗೆ ಕಳುಹಿಸಿತು. ಅವುಗಳ ಛಾಯಾಗ್ರಹಣ ವಿಭಾಗವನ್ನು ಸಜ್ಜುಗೊಳಿಸಿದವನು ಡ್ರೇಪರ್. ಇದಕ್ಕಾಗಿ ಅಮೆರಿಕದ ಶಾಸನಸಭೆ ಆತನಿಗೆ ಚಿನ್ನದ ಪದಕವನ್ನಿತ್ತಿತು. ಪಿತ್ರಾರ್ಜಿತ ಕೀರ್ತಿಗೆ ಕೀರ್ತಿಯನ್ನು ಕೂಡಿಸಿದನೆಂಬ ಭಾವದ ಲ್ಯಾಟಿನ್ ವಾಕ್ಯ ಅದರ ಮೇಲಿತ್ತು. ಅದೇ ಸಂಕ್ರಮಣದ ವಿಷಯವಾಗಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಸಿದ್ಧವಾಗಿತ್ತೆಂಬುದನ್ನು ನಾವು ಇಲ್ಲಿ ನೆನೆಯಬಹುದು. 1878ರ ಪೂರ್ಣ ಸೂರ್ಯಗ್ರಹಣಕ್ಕೆ ಡ್ರೇಪರ್ ದಂಪತಿಗಳು ವಯೋಮಿಂಗಿನ ರಾಲಿನ್ಸಿಗೆ ಹೋದರು. ಎಡಿಸನ್ ಕೂಡ ಆ ತಂಡದಲ್ಲಿದ್ದ. ಗ್ರಹಣದ ಪೂರ್ಣಾವಸ್ಥೆ ಮೂರು ನಿಮಿಷವೂ ಇರಲಿಲ್ಲ. ಆ ಹೊತ್ತಿನಲ್ಲಿ ಗಟ್ಟಿಯಾಗಿ ಸೆಕೆಂಡುಗಳನ್ನು ಎಣಿಸುವ ಕೆಲಸ ಮೇರಿಯದು. ದೃಶ್ಯಕ್ಕೆ ಮರುಳಾಗಿ ಎಣಿಕೆ ತಪ್ಪೀತೆಂದು ಆಕೆಯನ್ನು ಡೇರೆಯೊಳಗೆ ಕೂರಿಸಿದ್ದರು. ಸಾವಿರಾರು ಮೈಲಿ ಪಯಣಿಸಿ ಬಂದವಳು ಕರಿಯ ಸೂರ್ಯನನ್ನು ಕಾಣಲೇ ಇಲ್ಲ.

ಡ್ರೇಪರನ ತಪ್ಪನ್ನೂ ಹೇಳಬೇಕು. 1877ರಲ್ಲಿ, ಸೂರ್ಯನಲ್ಲಿ ಆಮ್ಲಜನಕವನ್ನು ಕಂಡೆನೆಂದು ಆತ ಸಾರಿದ; ಅದಕ್ಕೆ ಆಧಾರವಾಗಿ ತೋರಿಸಿದ ಬೆಳಗುವ ಗೆರೆಗಳು ಆ ಅರ್ಥದವಲ್ಲವೆಂದು ಮುಂದೆ ತಿಳಿಯಿತು. ವಾದವನ್ನು ಸಮರ್ಥಿಸಿಕೊಳ್ಳಲು 1879ರಲ್ಲಿ ಲಂಡನ್ನಿಗೂ ಹೋದ. ವಾದ ನಿಲ್ಲಲಿಲ್ಲ. ಆದರೆ ಆ ಪ್ರಯಾಣದಲ್ಲೇ ಹಗ್ಗಿನ್ಸನಿಂದ ಜಿಲಾಟಿನ್ ಲೇಪದ ಹೊಸ ಒಣಫಲಕಗಳ ವಿಷಯ ತಿಳಿಯಿತು. ಒಣಗಿ ಕೆಡುವ ಭಯ ಅವಕ್ಕಿಲ್ಲ; ಗಂಟೆಗಟ್ಟಲೆ ಆಕಾಶಕ್ಕೆ ತೆರೆದಿಡಬಹುದು. ಇದರ ಮಹತ್ವವೇನೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಕಣ್ಣು ಬೆಳಕನ್ನು ಕೂಡಿಡಲಾರದು. ಒಂದು ಕ್ಷಣದಲ್ಲಿ ಕಾಣದ್ದು ಒಂದು ಗಂಟೆ ನೋಡಿದರೂ ಕಾಣದು. ಫಲಕವಾದರೋ ಬಿದ್ದ ಕಿರಣವನ್ನೆಲ್ಲ ಜಿಪುಣನ ಹಾಗೆ ಗಂಟುಕಟ್ಟುತ್ತ ಹೋಗುತ್ತದೆ. ಇಂದಿನ ಹವ್ಯಾಸಿಗಳು ಮನೆಯ ಮಾಳಿಗೆಯ ಮೇಲೆ ಪುಟ್ಟ ದೂರದರ್ಶಕವನ್ನಿಟ್ಟು ನೂರಾರು ಚಿತ್ರಗಳನ್ನು ಗಣಕದಲ್ಲಿ ಒಂದರ ಮೇಲೊಂದು ಕೂಡಿಸುವುದೂ ಇದೇ ಜಿಪುಣತನದ ಮುಂದುವರಿಕೆ.

1880ರ ಸೆಪ್ಟೆಂಬರ್ 30ರ ರಾತ್ರಿ, ಕ್ಲಾರ್ಕ್ ಮನೆತನದವರು ಮಾಡಿದ ಹನ್ನೊಂದು ಅಂಗುಲದ ಮಸೂರದ ದೂರದರ್ಶಕವನ್ನು ಡ್ರೇಪರನು ಮಹಾವ್ಯಾಧನ ಖಡ್ಗದತ್ತ ತಿರುಗಿಸಿದ. ಫಲಕ 51 ನಿಮಿಷ ತೆರೆದಿತ್ತು. ನೀಹಾರಿಕೆಯೊಂದರ ಛಾಯಾಚಿತ್ರ ಜಗತ್ತಿಗೆ ದೊರೆತದ್ದು ಅದೇ ಮೊದಲು. ಇಂದು ನೋಡಿದರೆ ಅದೊಂದು ಬೆಳ್ಳನೆಯ ಮಂಜಿನ ಗುರುತು. ನಕ್ಷತ್ರಗಳು ಹೊತ್ತಿಕೊಂಡು ಮುದ್ದೆಯಾಗಿವೆ. ಡ್ರೇಪರನಿಗೂ ತೃಪ್ತಿಯಾಗಲಿಲ್ಲ. ಮರುವರ್ಷ 104 ನಿಮಿಷ. 1882ರ ಮಾರ್ಚಿನಲ್ಲಿ 137 ನಿಮಿಷ. ಎರಡು ಗಂಟೆಗೂ ಮಿಕ್ಕಿ ಗಡಿಯಾರಯಂತ್ರ ಕೂದಲೆಳೆಯಷ್ಟೂ ತಪ್ಪದೆ ಆಕಾಶವನ್ನು ಹಿಂಬಾಲಿಸಿತ್ತು. ನೀಹಾರಿಕೆಯ ಮಡಿಕೆಗಳೂ ತೀರ ಮಂಕಾದ ನಕ್ಷತ್ರಗಳೂ ಅದರಲ್ಲಿ ಕಾಣಿಸಿಕೊಂಡವು.

ಆತನಿಗೆ ಕೊರತೆಯಾದದ್ದು ಹಣವಲ್ಲ, ಕುಶಲತೆಯಲ್ಲ, ಹೊತ್ತು. ಫಲಕ ಕೇಳುವುದು ಅದನ್ನೇ. ಹಗಲೆಲ್ಲ ವಿಶ್ವವಿದ್ಯಾಲಯದ ಪಾಠ, 1874ರಲ್ಲಿ ಮಾವ ತೀರಿಕೊಂಡ ಮೇಲೆ ಆ ದೊಡ್ಡ ಆಸ್ತಿಯ ಮೇಲ್ವಿಚಾರಣೆ. ಇವೆಲ್ಲ ಮುಗಿದ ಮೇಲೆ ಉಳಿದ ರಾತ್ರಿಗಳಲ್ಲೂ ಮೋಡ ಕವಿಯದವು ಎಷ್ಟು? 1882ರ ಜನವರಿಯಲ್ಲಿ ತಂದೆ ತೀರಿಹೋದ. ಆ ವರ್ಷವೇ ಹೆನ್ರಿ, ಇನ್ನು ಮುಂದಿನ ದಿನಗಳೆಲ್ಲ ಆಕಾಶಕ್ಕೇ ಎಂದು, ಅಧ್ಯಾಪಕ ವೃತ್ತಿಯನ್ನು ಬಿಟ್ಟ. ಶರತ್ಕಾಲದಲ್ಲಿ ಗೆಳೆಯರೊಡನೆ ರಾಕಿ ಪರ್ವತಗಳಿಗೆ ಬೇಟೆಗೆ ಹೋದಾಗ ಹಿಮದ ಬಿರುಗಾಳಿಗೆ ಸಿಕ್ಕಿ ಒಂದು ರಾತ್ರಿ ಆಸರೆಯಿಲ್ಲದೆ ಕಳೆಯಬೇಕಾಯಿತು. ನವೆಂಬರಿನಲ್ಲಿ ರಾಷ್ಟ್ರೀಯ ವಿಜ್ಞಾನ ಪರಿಷತ್ತಿನ ಸದಸ್ಯರಿಗೆ ಮನೆಯಲ್ಲಿ ಔತಣ. ವಿದ್ಯುದ್ದೀಪಗಳಿಂದ ಬೆಳಗಿದ ಆ ಭೋಜನಕ್ಕೆ ಜ್ವರದಿಂದ ನಡುಗುತ್ತಲೇ ಕುಳಿತ. ಎದೆಯ ಪೊರೆಯ ಬೇನೆ ಬಲಿತು ನವೆಂಬರ್ 20ರಂದು ಪ್ರಾಣ ಹೋಯಿತು. ವಯಸ್ಸು ನಲವತ್ತೈದು.

ಎರಡು ತಿಂಗಳು ಕಳೆದು, ಲಂಡನ್ನಿನ ಬಳಿಯ ಈಲಿಂಗಿನಲ್ಲಿ, ಆಂಡ್ರೂ ಕಾಮನ್ ಎಂಬ ಇನ್ನೊಬ್ಬ ಹವ್ಯಾಸಿ ತನ್ನ ತೋಟದ ಮೂವತ್ತಾರು ಅಂಗುಲದ ದರ್ಪಣದಿಂದ ಅದೇ ನೀಹಾರಿಕೆಯ ಚಿತ್ರ ತೆಗೆದ. ಡ್ರೇಪರನ ಕೊನೆಯ ಚಿತ್ರಕ್ಕಿಂತ ಅದು ಉತ್ತಮವೆಂಬುದನ್ನು ಒಪ್ಪಲೇಬೇಕು. ಕಣ್ಣಿಗೆ ಎಂದೂ ಕಾಣದಿದ್ದ ನಕ್ಷತ್ರಗಳೂ ಅದರಲ್ಲಿದ್ದವು.

ಮೇರಿ ಮೊದಲು ಹೇಸ್ಟಿಂಗ್ಸಿನ ಕೆಲಸವನ್ನು ತಾನೇ ಮುಂದುವರಿಸುವ ಯೋಚನೆ ಮಾಡಿದಳು. ತಕ್ಕ ಸಹಾಯಕರು ದೊರೆಯಲಿಲ್ಲ. 1886ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗನಿಗೆ ಹಣವನ್ನೂ ಗಂಡನ ದೂರದರ್ಶಕವನ್ನೂ ಒಪ್ಪಿಸಿ, ನಕ್ಷತ್ರಗಳ ವರ್ಣಪಟಲಗಳನ್ನೆಲ್ಲ ಛಾಯಾಚಿತ್ರದಲ್ಲಿ ಹಿಡಿದು ವರ್ಗೀಕರಿಸುವ ಕಾರ್ಯಕ್ಕೆ ಗಂಡನ ಹೆಸರಿಟ್ಟಳು. ಒಂದು ಕಾಲಕ್ಕೆ ಮನೆಗೆಲಸದವಳಾಗಿದ್ದ ವಿಲಿಯಮಿನಾ ಫ್ಲೆಮಿಂಗ್ ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ವಿಂಗಡಿಸಿದ ಮೊದಲ ಪಟ್ಟಿ 1890ರಲ್ಲಿ ಬಂತು. ಆನಿ ಕ್ಯಾನನ್ ಸಿದ್ಧಗೊಳಿಸಿದ ಮಹಾಪಟ್ಟಿ 1918ರಿಂದ 1924ರವರೆಗೆ ಒಂಬತ್ತು ಸಂಪುಟಗಳಲ್ಲಿ ಹೊರಬಿತ್ತು. ಅದರಲ್ಲಿ 2,25,300 ನಕ್ಷತ್ರಗಳು. ಅದನ್ನು ನೋಡಲು ಮೇರಿ ಉಳಿದಿರಲಿಲ್ಲ. 1914ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಿದ್ದಳು.

ಆ ಪಟ್ಟಿಯ ನಕ್ಷತ್ರಗಳ ಅಂಕಿಗಳ ಮುಂದೆ ಎಚ್.ಡಿ. ಎಂಬ ಎರಡು ಅಕ್ಷರಗಳಿರುತ್ತವೆ: ಹೆನ್ರಿ ಡ್ರೇಪರ್. 1999ರಲ್ಲಿ ದೂರದ ಸೂರ್ಯನೊಂದರ ಮುಂದೆ ಅದರ ಗ್ರಹ ಹಾದುಹೋದದ್ದು ಮೊಟ್ಟಮೊದಲು ಪತ್ತೆಯಾಯಿತು. ನಮ್ಮ ಸೂರ್ಯನ ಮುಂದೆ ಶುಕ್ರ ಹಾದುಹೋಗುವ ಬಗೆಯ ಸಂಕ್ರಮಣವೇ ಅದೂ. ಆ ನಕ್ಷತ್ರದ ಹೆಸರು ಎಚ್.ಡಿ. 209458.