ಮಣ್ಣಿನ ಪದರಗಳಲ್ಲಿ ಯುದ್ಧ ಕಂಡ ಮಾರ್ಟಿಮರ್ ವೀಲರ್

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನದಿಂದ ಹೆಸರಾದ ಸ್ಥಳ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿ, ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಪದರವಾರು ಕಾಲಾನುಕ್ರಮವೊಂದನ್ನು ಕಟ್ಟಿಕೊಟ್ಟವರು ಸರ್ ಮಾರ್ಟಿಮರ್ ವೀಲರ್. ಸಿಂಧೂ ನಗರಗಳನ್ನು ಆರ್ಯರು ದಾಳಿಯಿಟ್ಟು ನಾಶಗೊಳಿಸಿದರೆಂಬ ವಾದಕ್ಕೆ ಬಲ ತುಂಬಿದವರೂ ಅವರೇ. ಬದಲಾದ ಮಡಕೆ, ಚದುರಿದ ಮೂಳೆಗಳಿಂದ ಹೊರಗಿನವರ ಆಕ್ರಮಣವನ್ನು ಊಹಿಸಬಹುದೇ ಎಂಬ ಪ್ರಶ್ನೆ ಪುರಾತತ್ವ ಲೋಕವನ್ನು ಇಂದಿಗೂ ಬಿಟ್ಟಿಲ್ಲ.

1890ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ವೀಲರ್ ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಮಿಲಿಟರಿ ಕ್ರಾಸ್ ಪಡೆದರು. ಅವರ ಉತ್ಖನನದಲ್ಲೂ ಸೇನೆಯ ಶಿಸ್ತು ಇತ್ತು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುವೆ ಅಗೆಯದ ಮಣ್ಣಿನ ಗೋಡೆ ಉಳಿಸಿ, ಪ್ರತಿ ವಸ್ತುವೂ ಯಾವ ಪದರದ್ದೆಂದು ದಾಖಲಿಸುವ ಕ್ರಮ ಅವರದು. ಅದನ್ನು ರೂಪಿಸುವುದರಲ್ಲಿ ಪತ್ನಿ ಟೆಸ್ಸಾ ಅವರ ಪಾಲು ಸಣ್ಣದಲ್ಲ. ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಕೋಟೆಯ ಉತ್ಖನನ ನಡೆಯುತ್ತಿರುವಾಗಲೇ, 1936ರಲ್ಲಿ, ಟೆಸ್ಸಾ ತೀರಿಕೊಂಡರು. ಆ ಕೋಟೆಯ ಬಾಗಿಲ ಬಳಿ ದೊರೆತ ಗಾಯಗೊಂಡ ಅಸ್ಥಿಪಂಜರಗಳಲ್ಲಿ ವೀಲರ್ ರೋಮನ್ ಸೇನೆಯ ದಾಳಿಯ ಕಥೆಯನ್ನು ಓದಿದರು.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಸೇನೆ ಸೇರಿ ಉತ್ತರ ಆಫ್ರಿಕ, ಇಟಲಿಯಲ್ಲಿ ಕಾದಿದ ಅವರು 1944ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ತೆರೆದರು. ಬಿ.ಬಿ. ಲಾಲ್, ಬಿ.ಕೆ. ಥಾಪರ್ ಅವರಂಥವರು ಆ ಗರಡಿಯಲ್ಲಿ ಪಳಗಿದವರು. 1946ರಲ್ಲಿ ಹರಪ್ಪದ ಕೋಟೆಗೋಡೆ ಕಂಡೊಡನೆ ವೀಲರ್‌ಗೆ ಋಗ್ವೇದದ ಪುರಂದರ, ಅಂದರೆ ಕೋಟೆಗಳನ್ನು ಒಡೆಯುವ ಇಂದ್ರ, ನೆನಪಾದ. ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಸಿಕ್ಕಿದ್ದ ಅಸ್ಥಿಪಂಜರಗಳು ಹತ್ಯಾಕಾಂಡದ ಸಾಕ್ಷಿಗಳಾದವು.

ವಿಚಿತ್ರವೆಂದರೆ, ಆ ಅಸ್ಥಿಪಂಜರಗಳನ್ನು ಅಗೆದವರು ವೀಲರ್ ಅಲ್ಲ, ಅವರಿಗಿಂತ ಮುಂಚಿನವರು. ಪದರಗಳನ್ನು ಸರಿಯಾಗಿ ಗುರುತಿಸಲಿಲ್ಲವೆಂದು ವೀಲರ್ ಕಟುವಾಗಿ ಟೀಕಿಸಿದ್ದೂ ಅವರನ್ನೇ. 1964ರಲ್ಲಿ ಅಮೆರಿಕದ ಜಾರ್ಜ್ ಡೇಲ್ಸ್ ಈ ಎಳೆ ಹಿಡಿದೇ ಪ್ರಶ್ನಿಸಿದರು. ಶವಗಳೆಲ್ಲ ಒಂದೇ ಪದರದವಲ್ಲ, ರಕ್ಷಣೆಗೆ ಹೋರಾಟ ನಡೆಯಬೇಕಿದ್ದ ಕೋಟೆಯ ಭಾಗದಲ್ಲಿ ಒಂದೂ ಸಿಕ್ಕಿಲ್ಲ ಎಂದು ತೋರಿಸಿದರು. ಮೂಳೆಗಳನ್ನು ಪರೀಕ್ಷಿಸಿದ ಕೆನೆತ್ ಕೆನಡಿ ಅವರಿಗೂ ಸಾಮೂಹಿಕ ಹತ್ಯೆಯ ಗುರುತು ಕಾಣಲಿಲ್ಲ. ನಗರ ಮೊದಲೇ ಸೊರಗಿತ್ತೆಂದು ವೀಲರ್ ನಂತರದ ಬರಹಗಳಲ್ಲಿ ಒಪ್ಪಿದರಾದರೂ ದಾಳಿಯ ಚಿತ್ರವನ್ನು ಪೂರ್ತಿಯಾಗಿ ಕೈಬಿಡಲಿಲ್ಲ.

ಬ್ರಹ್ಮಗಿರಿಯಲ್ಲಿಯೂ ಆದದ್ದು ಇದೇ. ಮೈಸೂರಿನ ಡಾ. ಎಂ.ಎಚ್. ಕೃಷ್ಣ ಮೊದಲೇ ಅಗೆದಿದ್ದ ನೆಲವದು. ಪಾಂಡಿಚೇರಿ ಸಮೀಪದ ಅರಿಕಮೇಡಿನಲ್ಲಿ ದೊರೆತ ರೋಮನ್ ಮಡಕೆಗಳ ಕಾಲವನ್ನು ಆಧಾರವಾಗಿಟ್ಟುಕೊಂಡು ವೀಲರ್ ಇಲ್ಲಿನ ಪದರಗಳ ಕಾಲ ನಿರ್ಣಯಿಸಿದರು. ಉಪಾಯ ಜಾಣತನದ್ದೇ. ಆದರೆ ಕಲ್ಲುಕೊಡಲಿಯ ಜನರ ನಡುವೆ ಕ್ರಿ.ಪೂ. 200ರ ಸುಮಾರಿಗೆ ಕಬ್ಬಿಣ ಬಲ್ಲ, ಬೃಹತ್ ಶಿಲಾ ಸಮಾಧಿ ಕಟ್ಟುವ ಜನ ಹೊರಗಿನಿಂದ ಬಂದು ನೆಲೆಸಿದರೆಂಬ ನಿರ್ಣಯ ನಿಲ್ಲಲಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದ ನಂತರ, ರೇಡಿಯೋ ಕಾರ್ಬನ್ ಪರೀಕ್ಷೆ ಇಲ್ಲಿನ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ದಖನ್ನಿನ ನವಶಿಲಾಯುಗ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಸರಿಯಿತು.

ಅದೇ ದಶಕದಲ್ಲಿ ಅಮೆರಿಕದ ಲೂಯಿಸ್ ಬಿನ್‌ಫರ್ಡ್ ಮೊದಲಾದವರು, ಮಡಕೆ ಬದಲಾದೊಡನೆ ಹೊಸ ಜನಾಂಗವನ್ನು ಕಲ್ಪಿಸುವ ರೂಢಿಯನ್ನೇ ವಿರೋಧಿಸಿದರು. ಹವಾಮಾನ, ಬೇಸಾಯ, ಜನಸಂಖ್ಯೆಗಳಲ್ಲಿ ಬದಲಾವಣೆಯ ಕಾರಣ ಹುಡುಕಬೇಕೆಂಬುದು ಅವರ ನಿಲುವು. 1980ರ ದಶಕದಲ್ಲಿ ಇಯಾನ್ ಹಾಡರ್, ಅಗೆಯುವವನ ಮನಸ್ಸೂ ಅರ್ಥೈಸುವಿಕೆಯೊಳಗೆ ಸೇರಿರುತ್ತದೆಂದು ವಾದಿಸಿದರು. ಇದಕ್ಕೆ ಫಿರಂಗಿ ದಳದಿಂದ ಬಂದ ವೀಲರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವೀಲರ್ 1976ರಲ್ಲಿ ನಿಧನರಾದರು. ವಾದ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಪ್ರಕಟವಾದ ರಾಖಿಗಢಿಯ ಡಿಎನ್‌ಎ ಅಧ್ಯಯನದಲ್ಲಿ ಹರಪ್ಪ ಕಾಲದ ಮಹಿಳೆಯೊಬ್ಬಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ವಂಶದ ಅಂಶ ಕಾಣಲಿಲ್ಲ. ಆ ಮೂಲದ ಜನ ಕ್ರಿ.ಪೂ. 2000 ಮತ್ತು 1500ರ ನಡುವೆ ಉಪಖಂಡಕ್ಕೆ ಬಂದರೆಂದು ಅದೇ ವರ್ಷದ ಇನ್ನೊಂದು ಅಧ್ಯಯನ ಹೇಳಿತು. ಜನರ ವಲಸೆಯ ಪ್ರಶ್ನೆ ಹೀಗೆ ಮತ್ತೆ ಚರ್ಚೆಗೆ ಬಂತು, ಹತ್ಯಾಕಾಂಡ ಬರಲಿಲ್ಲ. ಮೇಡನ್ ಕ್ಯಾಸಲ್‌ನ ಮೂಳೆಗಳನ್ನು 2025ರಲ್ಲಿ ಮತ್ತೆ ಪರಿಶೀಲಿಸಿದ ವಿದ್ವಾಂಸರು, ಆ ಸಾವುಗಳು ಒಂದೇ ದಿನದವಲ್ಲ, ಹಲವು ತಲೆಮಾರುಗಳ ಅವಧಿಯವು ಎಂದು ತಿಳಿಸಿದ್ದಾರೆ.