ಪತ್ರಿಕೆ ಹಂಚುತ್ತಿದ್ದ ಹುಡುಗನು: ಮೈಕಲ್ ಫ್ಯಾರಡೆಯ ಚರಿತ್ರೆ

ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿರುವ ಬಡ ಮನೆಗಳಲ್ಲಿ ಒಂದು ಪ್ರಶ್ನೆಯು ಬಾರಿ ಬಾರಿಗೂ ಏಳುವುದುಂಟು. ಮನೆಗೆ ನಾಲ್ಕು ಕಾಸು ತರಬೇಕೆಂದು ಮಕ್ಕಳಿಗೆ ಮನಸ್ಸಿರುತ್ತದೆ. ಆದರೆ ಕೆಲಸ ಕೇಳಹೋದಲ್ಲೆಲ್ಲಾ ಹಿಂದೆ ಎಲ್ಲಿ ಕೆಲಸ ಮಾಡಿದ ಅನುಭವವಿದೆಯೆಂದು ಕೇಳುತ್ತಾರೆ. ಮಾಡಿದವನಿಗೇ ಕೆಲಸವು ಸಿಕ್ಕುವುದಾದರೆ, ಎಂದೂ ಮಾಡದವನು ತನ್ನ ಮೊದಲನೆಯ ಕೆಲಸವನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗೆ ಬುದ್ಧಿವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಮನುಷ್ಯನ ಜೀವಿತದಿಂದ ಕೊಡುವುದೇ ಮೇಲೆಂದು ನಾವು ಎಣಿಸುತ್ತೇವೆ. ಮೈಕಲ್ ಫ್ಯಾರಡೆಯು ದೊಡ್ಡ ವಿಜ್ಞಾನಿಯೆಂದು ಶಾಲೆಯ ಮಕ್ಕಳು ಬಲ್ಲರು. ಆದರೆ ಆತನು ದುಡಿಮೆಗೆ ಮೊದಲು ಕೈಹಾಕಿದ್ದು ಹೇಗೆಂಬುದನ್ನು ಬಲ್ಲವರು ಸ್ವಲ್ಪ ಜನ.

ಫ್ಯಾರಡೆಯು 1791ನೆಯ ಇಸವಿ ಸೆಪ್ಟೆಂಬರ್ 22ರಲ್ಲಿ ಇಂಗ್ಲೆಂಡಿನ ಲಂಡನ್ ಪಟ್ಟಣದ ಅಂಚಿನಲ್ಲಿದ್ದ ನ್ಯೂವಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯಾದ ಜೇಮ್ಸನು ಕಮ್ಮಾರನು. ಕೆಲಸ ಹುಡುಕಿಕೊಂಡು ಉತ್ತರದ ಹಳ್ಳಿಗಾಡಿನಿಂದ ಪಟ್ಟಣಕ್ಕೆ ಬಂದವನು. ತಾಯಿಯ ಹೆಸರು ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕಲನು ಮೂರನೆಯವನು. ಕುದುರೆಗಾಡಿಗಳನ್ನು ನಿಲ್ಲಿಸುವ ಕೊಟ್ಟಿಗೆಯೊಂದರ ಮೇಲಣ ಕೋಣೆಗಳಲ್ಲಿ ಈ ಕುಟುಂಬವು ವಾಸಿಸುತ್ತಿತ್ತು. ತಂದೆಗೆ ದೇಹದಲ್ಲಿ ಸೌಖ್ಯವಿರಲಿಲ್ಲ. ಕುಲುಮೆಯ ಮುಂದೆ ನಿಲ್ಲಲಾರದ ದಿನಗಳು ಬಹಳವಿದ್ದವು. 1801ರಲ್ಲಿ ಧಾನ್ಯದ ಬೆಲೆಯು ವಿಪರೀತವಾಗಿ ಏರಿದಾಗ ಒಂಭತ್ತು ವರುಷದ ಮೈಕಲನ ಪಾಲಿಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡು ಸಿಕ್ಕುತ್ತಿತ್ತು. ಅದನ್ನೇ ಅವನು ಏಳು ದಿನಗಳಿಗೆ ಸಾಲುವಂತೆ ತಿನ್ನಬೇಕಾಗಿತ್ತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನ ಶಾಲೆಯ ವಿದ್ಯೆ. ಮಿಕ್ಕ ಹೊತ್ತೆಲ್ಲಾ ಮನೆಯಲ್ಲಿಯೂ ಬೀದಿಯಲ್ಲಿಯೂ ಕಳೆಯಿತು.

ಇಂಥ ಹುಡುಗನಿಗೆ ಕೆಲಸ ಕೊಡುವವರು ಯಾರು? ಮನೆಯಿಂದ ಸ್ವಲ್ಪವೇ ದೂರದಲ್ಲಿ ಬ್ಲ್ಯಾಂಡ್‌ಫರ್ಡ್ ಬೀದಿಯ 2ನೆಯ ನಂಬ್ರದ ಮನೆಯಲ್ಲಿ ಜಾರ್ಜ್ ರೀಬೋ ಎಂಬವನು ಪುಸ್ತಕಗಳನ್ನು ಮಾರುವ ಮತ್ತು ಅವುಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನಿಟ್ಟಿದ್ದನು. 1804ರಲ್ಲಿ ಆತನು ಹದಿಮೂರು ವರುಷದ ಮೈಕಲನನ್ನು ಓಡಾಡುವ ಹುಡುಗನನ್ನಾಗಿ ಇಟ್ಟುಕೊಂಡನು. ಈ ಕೆಲಸಕ್ಕೆ ಯಾವ ಅನುಭವವೂ ಬೇಕಾಗಿರಲಿಲ್ಲ. ನಡೆಯಬಲ್ಲ ಕಾಲೂ ನಂಬಬಹುದಾದ ಕೈಯೂ ಇದ್ದರೆ ಸಾಕಾಗಿತ್ತು. ಆ ಕಾಲದಲ್ಲಿ ವಾರ್ತಾಪತ್ರಿಕೆಗಳ ಬೆಲೆ ಬಹಳ ಹೆಚ್ಚಾಗಿದ್ದುದರಿಂದ ಎಲ್ಲರೂ ಕೊಂಡುಕೊಳ್ಳಲಾರರು. ಅಂಗಡಿಯವನು ಒಂದೇ ಪತ್ರಿಕೆಯನ್ನು ಹಲವರಿಗೆ ಬಾಡಿಗೆಗೆ ಕೊಡುವನು. ಹುಡುಗನು ಅದನ್ನು ಒಬ್ಬರ ಮನೆಗೆ ಮುಟ್ಟಿಸಿ, ಅವರು ಓದಿ ಮುಗಿಸಿದ ಮೇಲೆ ಹಿಂದಕ್ಕೆ ತೆಗೆದುಕೊಂಡು ಇನ್ನೊಬ್ಬರ ಮನೆಗೆ ಒಯ್ಯಬೇಕು.

ಆದಿತ್ಯವಾರಗಳಲ್ಲಿ ಈ ಕೆಲಸವು ಅವನಿಗೆ ಕಷ್ಟವಾಗಿತ್ತು. ಮೈಕಲನ ತಂದೆತಾಯಿಗಳು ಸ್ಯಾಂಡೆಮೇನಿಯನ್ ಎಂಬ ಒಂದು ಚಿಕ್ಕ ಪ್ರೊಟೆಸ್ಟಂಟ್ ಸಭೆಗೆ ಹೋಗುತ್ತಿದ್ದವರು. ಅವರೊಡನೆ ಆರಾಧನೆಗೆ ಹೋಗಬೇಕೆಂದು ಹುಡುಗನು ಬಹು ಮುಂಜಾನೆಯೇ ಎದ್ದು ಪತ್ರಿಕೆಗಳನ್ನು ಹಂಚಿ ಬರುವನು. ಅವುಗಳನ್ನು ಹಿಂದಕ್ಕೆ ತರಲು ಹೋದಾಗ ಕೆಲವರು ಓದಿ ಮುಗಿದಿಲ್ಲ, ಇನ್ನೊಮ್ಮೆ ಬರಬೇಕೆಂದು ಹೇಳಿ ಕಳುಹಿಸುವರು. ಮುಂದಿನ ಮನೆಯು ಒಂದು ಮೈಲು ದೂರವಿದೆ, ತಿರಿಗಿ ಬರುವುದಾದರೆ ಹೊತ್ತು ಮೀರುವುದೆಂದು ಅವನು ವಿನಯದಿಂದ ಬೇಡಿಕೊಳ್ಳುವನು. ಮನೆಗೆ ಬಂದು ಮುಖ ತೊಳೆದು ಶುಭ್ರವಾದ ಬಟ್ಟೆಯುಟ್ಟು ತಂದೆತಾಯಿಗಳ ಸಂಗಡ ಹೊರಡಲು ಆಗದಿದ್ದ ದಿನ ಅವನಿಗೆ ಬಹು ದುಃಖವಾಗುತ್ತಿತ್ತು. ಆದಾಗ್ಯೂ ಪತ್ರಿಕೆಯನ್ನು ಮುಟ್ಟಿಸದೆ ಬಿಟ್ಟುಬಿಡುವ ಸುಲಭದ ದಾರಿಯನ್ನು ಅವನು ಹಿಡಿಯಲಿಲ್ಲ.

ಹೀಗೆ ಒಂದು ವರುಷ ಕಳೆಯಿತು. ಈ ವರುಷವೇ ಅವನ ಜೀವಿತದ ಬಾಗಿಲೆಂದು ನಾವು ಹೇಳುತ್ತೇವೆ. ಆಗಿನ ಪದ್ಧತಿಯ ಪ್ರಕಾರ ಕಸುಬು ಕಲಿಯುವ ಹುಡುಗನು ಏಳು ವರುಷಗಳ ಕರಾರಿಗೆ ಒಳಪಡಬೇಕು. ಕಲಿಸುವ ಯಜಮಾನನಿಗೆ ಅವನ ತಂದೆಯು ಮುಂಗಡವಾಗಿ ಹಣವನ್ನೂ ಸಲ್ಲಿಸಬೇಕು. ಕಮ್ಮಾರನಾದ ಜೇಮ್ಸನ ಬಳಿ ಅಂಥ ಹಣವೆಲ್ಲಿಯದು? ಆದರೆ 1805ನೆಯ ಇಸವಿ ಅಕ್ಟೋಬರ್ 7ರಲ್ಲಿ ಕರಾರು ಪತ್ರವನ್ನು ಬರೆದಾಗ ರೀಬೋ ಒಂದು ಕಾಸನ್ನೂ ಕೇಳಲಿಲ್ಲ. ಹುಡುಗನು ನಂಬಿಗಸ್ತನಾಗಿ ಸೇವೆಮಾಡಿದ್ದಾನಾದ್ದರಿಂದ ಹಣವನ್ನು ತೆಗೆದುಕೊಂಡಿಲ್ಲವೆಂದು ಆ ಪತ್ರದಲ್ಲಿಯೇ ಬರೆಯಿಸಿದನು. ಬಡವನಾದ ತಂದೆಯು ಕೊಡಲಾರದಿದ್ದುದನ್ನು ಮಗನ ಒಂದು ವರುಷದ ನಡತೆಯು ಕೊಟ್ಟು ತೀರಿಸಿತು. ಅನುಭವವಿಲ್ಲದವನ ಕೈಯಲ್ಲಿ ಬಂಡವಾಳವೇನಾದರೂ ಇದ್ದರೆ ಅದು ಇದೇ.

ಇನ್ನು ಮುಂದಿನ ಏಳು ವರುಷಗಳಲ್ಲಿ ಅವನು ಹಾಳೆಗಳನ್ನು ಮಡಿಚಿ, ಹೊಲಿದು, ಅಂಟುಹಾಕಿ, ರಟ್ಟು ಕಟ್ಟಿ, ತೊಗಲು ಹೊದಿಸುವ ಕೆಲಸವನ್ನು ಚೆನ್ನಾಗಿ ಕಲಿತನು. ಬೆರಳುಗಳಿಗೆ ಬಂದ ಈ ಚಾತುರ್ಯವು ಮುಂದೆ ಯಂತ್ರಗಳನ್ನು ಮಾಡುವಾಗ ಅವನಿಗೆ ಬಹು ಪ್ರಯೋಜನವಾಯಿತು. ಇದಲ್ಲದೆ, ರಟ್ಟು ಕಟ್ಟಲು ಬಂದ ಪುಸ್ತಕಗಳ ಹೊರಗನ್ನು ಮಾತ್ರ ನೋಡದೆ ಒಳಗನ್ನೂ ಓದಿದನು. ಎನ್‌ಸೈಕ್ಲೊಪೀಡಿಯ ಬ್ರಿಟಾನಿಕ ಎಂಬ ದೊಡ್ಡ ವಿಶ್ವಕೋಶದಲ್ಲಿ ವಿದ್ಯುಚ್ಛಕ್ತಿಯ ವಿಷಯವಾದ ಲೇಖನವನ್ನೂ, ಜೇನ್ ಮಾರ್ಸೆಟ್ ಎಂಬ ಸ್ತ್ರೀಯು ರಸಾಯನಶಾಸ್ತ್ರದ ಮೇಲೆ ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವನ್ನೂ ಓದಿ, ಅವು ಹೇಳುವುದು ನಿಜವೋ ಎಂದು ಪರೀಕ್ಷಿಸತೊಡಗಿದನು. ವಾರಕ್ಕೆ ಕೆಲವೇ ಪೆನ್ಸ್ ಖರ್ಚುಮಾಡಿ, ಗಾಜಿನ ಸೀಸೆಯಿಂದ ವಿದ್ಯುತ್ತನ್ನು ಹುಟ್ಟಿಸುವ ಚಿಕ್ಕ ಯಂತ್ರವನ್ನೂ ಮಾಡಿದನು. ಐಸಾಕ್ ವಾಟ್ಸ್ ಎಂಬ ಪ್ರಸಿದ್ಧ ಕೀರ್ತನಕಾರನು ಮನಸ್ಸನ್ನು ಬೆಳೆಸಿಕೊಳ್ಳುವ ವಿಷಯದಲ್ಲಿ ಬರೆದ ಪುಸ್ತಕವೂ ಅವನ ಕೈಗೆ ಬಂತು. ಓದಿದ್ದನ್ನೂ ಕೇಳಿದ್ದನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಅವನು ಅದರಿಂದ ಕಲಿತು ಜೀವಮಾನವೆಲ್ಲಾ ಬಿಡಲಿಲ್ಲ.

1810ರಲ್ಲಿ ಟಾಟಮ್ ಎಂಬ ಉಪಾಧ್ಯಾಯನು ಸಾಯಂಕಾಲಗಳಲ್ಲಿ ವಿಜ್ಞಾನದ ಉಪನ್ಯಾಸಗಳನ್ನು ಮಾಡುತ್ತಿದ್ದನು. ಒಂದೊಂದಕ್ಕೆ ಒಂದು ಶಿಲ್ಲಿಂಗ್ ಕೊಡಬೇಕು. ಮೈಕಲನ ಬಳಿ ಅಷ್ಟು ಹಣವಿರಲಿಲ್ಲ. ತಂದೆಯಂತೆ ಕಮ್ಮಾರನಾಗಿದ್ದ ಅಣ್ಣ ರಾಬರ್ಟನು ತನ್ನ ಕೂಲಿಯಿಂದ ಆ ಶಿಲ್ಲಿಂಗನ್ನು ಕೊಟ್ಟನು. ತಮ್ಮನ ಕೀರ್ತಿಯನ್ನು ಲೋಕವೆಲ್ಲಾ ಬಲ್ಲದು. ಅಣ್ಣನ ಶಿಲ್ಲಿಂಗನ್ನೂ ನಾವು ಮರೆಯಬಾರದು. ರೀಬೋವಿನ ಮನೆಯಲ್ಲಿ ಮಾಸ್ಕೆರಿಯೆ ಎಂಬ ಚಿತ್ರಗಾರನು ಬಿಡಾರವಿದ್ದನು. ಉಪನ್ಯಾಸದಲ್ಲಿ ತೋರಿಸಿದ ಯಂತ್ರಗಳ ಚಿತ್ರಗಳನ್ನು ಬರೆಯಲು ಕಲಿಯಬೇಕೆಂದು ಮೈಕಲನು ಆತನ ಕೋಣೆಯನ್ನು ಗುಡಿಸಿ, ಆತನ ಬೂಟುಗಳಿಗೆ ಬಣ್ಣ ಹಾಕಿ, ಆ ಸೇವೆಗೆ ಪ್ರತಿಯಾಗಿ ಚಿತ್ರವಿದ್ಯೆಯನ್ನು ಕಲಿತನು. ಹಣವಿಲ್ಲದವನು ಕೈಕೆಲಸದಿಂದ ವಿದ್ಯೆಯನ್ನು ಕೊಂಡುಕೊಳ್ಳಬಹುದೆಂಬುದಕ್ಕೆ ಇದು ದೃಷ್ಟಾಂತ.

ಅದೇ 1810ರ ಅಕ್ಟೋಬರ್ ತಿಂಗಳಲ್ಲಿ ತಂದೆಯು ತೀರಿಹೋದನು. ತಾಯಿಯು ಮನೆಯಲ್ಲಿ ಬಿಡಾರದವರನ್ನು ಇಟ್ಟುಕೊಂಡು ಸಂಸಾರವನ್ನು ನಡಿಸಿದಳು. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಮಹನೀಯನು, ಮೈಕಲನು ತಾನೇ ರಟ್ಟು ಕಟ್ಟಿದ್ದ ಟಿಪ್ಪಣಿ ಪುಸ್ತಕಗಳ ವಿಷಯ ತಿಳಿದು, ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿಯು ಮಾಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಅವನಿಗೆ ಟಿಕೆಟ್ಟುಗಳನ್ನು ಕೊಟ್ಟನು. ಮೈಕಲನು ಮೇಲಣ ಅಟ್ಟದಲ್ಲಿ ಕುಳಿತು ಕೇಳಿ, ಎಲ್ಲವನ್ನೂ ಬರೆದು, ಚಿತ್ರಗಳೊಡನೆ 386 ಪುಟಗಳ ಪುಸ್ತಕವಾಗಿ ಕಟ್ಟಿದನು.

ಇಷ್ಟು ಮಾಡಿದರೂ ದಾರಿಯು ಸುಲಭವಾಗಲಿಲ್ಲ. ವಿಜ್ಞಾನದ ಶಾಲೆಯಲ್ಲಿ ಎಷ್ಟು ಕೀಳಾದ ಕೆಲಸವಾದರೂ ಸರಿಯೇ, ಕೊಡಬೇಕೆಂದು ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಅವನು ಕಾಗದ ಬರೆದನು. ಅದಕ್ಕೆ ಉತ್ತರವೇ ಬರಲಿಲ್ಲ. ಆ ವರುಷ ಅಕ್ಟೋಬರಿನಲ್ಲಿ ಕರಾರು ಮುಗಿಯಲು, ಬೇರೊಬ್ಬ ಯಜಮಾನನ ಬಳಿ ಕೂಲಿಗೆ ರಟ್ಟು ಕಟ್ಟುವವನಾಗಿ ಸೇರಿದನು. ಆತನು ಮುಂಗೋಪಿಯು. ಆದರೂ ಹುಡುಗನು ತನ್ನೊಡನೆ ನಿಂತರೆ ಅಂಗಡಿಯನ್ನೇ ಅವನಿಗೆ ಬಿಟ್ಟುಕೊಡುವೆನೆಂದು ಮಾತುಕೊಟ್ಟನು. ವಿಧವೆಯ ಮಗನಿಗೆ ಇದು ಅಲ್ಪ ಶೋಧನೆಯಲ್ಲ. ಡಿಸೆಂಬರ್ ತಿಂಗಳಲ್ಲಿ ಅವನು ತನ್ನ 386 ಪುಟಗಳ ಪುಸ್ತಕವನ್ನು ಡೇವಿಗೆ ಕಳುಹಿಸಿ ಕೆಲಸ ಬೇಡಿದನು. ಡೇವಿಯು ದಯೆಯಿಂದ ಉತ್ತರ ಕೊಟ್ಟು, ಮುಖಾಮುಖಿಯಾಗಿ ಕಂಡು, ವಿಜ್ಞಾನದಿಂದ ಹಣ ಬರುವುದು ಕಷ್ಟ, ಕಲಿತ ಕಸುಬನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. ಸ್ವಲ್ಪ ಕಾಲದ ಮೇಲೆ ಸಂಸ್ಥೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳಕೊಂಡಾಗ, ಡೇವಿಗೆ ಈ ಹುಡುಗನ ನೆನಪಾಯಿತು. 1813ನೆಯ ಇಸವಿ ಮಾರ್ಚ್ 1ರಲ್ಲಿ ಫ್ಯಾರಡೆಗೆ ವಾರಕ್ಕೆ 25 ಶಿಲ್ಲಿಂಗ್ ಸಂಬಳವೂ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆಗಳೂ, ಸೌದೆ ದೀಪಗಳೂ ದೊರೆತವು. ಉಪನ್ಯಾಸಕರಿಗೆ ಸಾಮಾನುಗಳನ್ನು ಅಣಿಮಾಡುವುದು, ಉಪಕರಣಗಳನ್ನು ಶುಚಿಮಾಡಿ ಇಡುವುದು, ಇವೇ ಅವನ ಕೆಲಸ.

ಸಂಪಾದಿಸಿದ್ದನ್ನು ಆತನು ತನಗೇ ಇಟ್ಟುಕೊಳ್ಳಲಿಲ್ಲ. ತಾಯಿಯನ್ನು ಸಾಕಿದನು, ತಂಗಿ ಮಾರ್ಗರೆಟಳ ಶಾಲೆಯ ಖರ್ಚಿಗಾಗಿ ದಿನ ಬಿಟ್ಟು ದಿನ ತನ್ನ ಮಧ್ಯಾಹ್ನದ ಊಟವನ್ನು ಬಿಡುತ್ತಿದ್ದನೆಂದು ಹೇಳುತ್ತಾರೆ. ಡೇವಿಯ ಸಂಗಡ ಯೂರೋಪಿನಲ್ಲಿ ಸಂಚರಿಸುವಾಗ ಡೇವಿಯ ಹೆಂಡತಿಯು ಆತನನ್ನು ಆಳಿನಂತೆ ನಡಿಸಿದಳು. ಆತನು ಮನನೊಂದರೂ ತಾಳಿಕೊಂಡು ಕಲಿಯಬೇಕಾದದ್ದನ್ನೆಲ್ಲಾ ಕಲಿತು ಬಂದನು.

ಮುಂದಿನದು ಲೋಕಪ್ರಸಿದ್ಧವಾದದ್ದು. 1831ರಲ್ಲಿ ಆತನು ತಂತಿಯ ಸುರುಳಿಯಲ್ಲಿ ಅಯಸ್ಕಾಂತವನ್ನು ಆಡಿಸಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸಬಹುದೆಂದು ತೋರಿಸಿದನು. ಈ ನಿಯಮದ ಮೇಲೆಯೇ ವಿದ್ಯುತ್ತನ್ನು ಉತ್ಪತ್ತಿಮಾಡುವ ದೊಡ್ಡ ಯಂತ್ರಗಳು ತಿರುಗುತ್ತವೆ. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದೂ ಇದರಿಂದಲೇ. ಫ್ಯಾರಡೆಯು ಬಯಸಿದ್ದರೆ ಬಹಳ ಐಶ್ವರ್ಯವಂತನಾಗಬಹುದಾಗಿತ್ತು. 1830ರಲ್ಲಿ ಕಾರಖಾನೆಯವರು ಮುಂತಾದವರಿಗೆ ಸಲಹೆ ಕೊಟ್ಟು 1,000 ಪೌಂಡುಗಳಿಗಿಂತ ಹೆಚ್ಚಾಗಿ ಗಳಿಸಿದ್ದನು. ಆದರೆ ಸಂಶೋಧನೆಗೆ ಅಡ್ಡಿಯಾಗುವುದೆಂದು ಆ ಗಳಿಕೆಯನ್ನು ಬಿಟ್ಟುಬಿಟ್ಟನು. ಸರ್ ಎಂಬ ಪದವಿಯನ್ನೂ, ಮುಂಚೆ ತನ್ನ ಕಾಗದಕ್ಕೆ ಉತ್ತರ ಕೊಡದಿದ್ದ ಆ ರಾಯಲ್ ಸೊಸೈಟಿಯ ಅಧ್ಯಕ್ಷಸ್ಥಾನವನ್ನೂ ಬೇಡವೆಂದನು. ತನ್ನ ಚಿಕ್ಕ ಸಭೆಯಲ್ಲಿ ಹಿರಿಯನಾಗಿದ್ದುಕೊಂಡು ಬಡವರನ್ನೂ ರೋಗಿಗಳನ್ನೂ ವಿಚಾರಿಸಿದನು. ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗಾಗಿ 19 ವರುಷ ಉಪನ್ಯಾಸಮಾಲೆಗಳನ್ನು ನಡಿಸಿದನು. ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗನನ್ನು ಕಂಡಾಗಲೆಲ್ಲಾ, ತಾನೂ ಒಂದು ಕಾಲದಲ್ಲಿ ಪತ್ರಿಕೆಗಳನ್ನು ಹೊತ್ತವನೆಂದು ನೆನಸಿ ಆತನ ಮನಸ್ಸು ಕರಗುತ್ತಿತ್ತು. 1867ನೆಯ ಇಸವಿ ಆಗಸ್ಟ್ 25ರಲ್ಲಿ ಆತನು ಕುರ್ಚಿಯಲ್ಲಿ ಕುಳಿತಿರುವಾಗಲೇ ಶಾಂತವಾಗಿ ತೀರಿಕೊಂಡನು.

ಈ ಚರಿತ್ರೆಯನ್ನು ಓದಿ ಚಿಕ್ಕ ಮಕ್ಕಳನ್ನು ಶಾಲೆ ಬಿಡಿಸಿ ಕೂಲಿಗೆ ಕಳುಹಿಸಬಹುದೆಂದು ಯಾರೂ ಎಣಿಸಬಾರದು. ಫ್ಯಾರಡೆಯ ಬಾಲ್ಯದಲ್ಲಿ ಬಡವರ ಮಕ್ಕಳಿಗೆ ಕಾನೂನಿನ ಆಸರೆಯು ಬಹು ಸ್ವಲ್ಪವಾಗಿತ್ತು. ನಮ್ಮ ದೇಶದಲ್ಲಿ 14 ವರುಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವು. ಶಾಲೆ ಬಿಟ್ಟ ಮೇಲೆಯೂ ರಜೆಯಲ್ಲಿಯೂ ಸ್ವಂತ ಮನೆಯವರ ಅಪಾಯವಿಲ್ಲದ ಕಸುಬಿನಲ್ಲಿ ನೆರವಾಗಬಹುದು. 14ರಿಂದ 18ರ ವರೆಗಿನವರನ್ನು ಅಪಾಯಕರವಾದ ಕೆಲಸಗಳಲ್ಲಿ ತೊಡಗಿಸಬಾರದು. 14 ತುಂಬಿದವರು 1961ರ ಅಪ್ರೆಂಟಿಸ್ ಕಾನೂನಿನ ಪ್ರಕಾರ ಅಂಥ ಅಪಾಯವಿಲ್ಲದ ಕಸುಬನ್ನು ಭತ್ಯದೊಡನೆ ಕಲಿಯುವುದಕ್ಕೆ ದಾರಿಯುಂಟು.

ಆದಕಾರಣ, ಯೌವನಸ್ಥರೇ, ಮೊದಲನೆಯ ಕೆಲಸವು ಚಿಕ್ಕದೆಂದು ನಾಚಬೇಡಿರಿ. ಮನೆಯ ಸಮೀಪದಲ್ಲಿಯೇ ಅದನ್ನು ಹುಡುಕಿರಿ. ಕೈಗೆ ಬಂದ ಕೆಲಸದಿಂದ ಏನು ಕಲಿಯಬಹುದೆಂದು ನೋಡಿ ಬರೆದಿಟ್ಟುಕೊಳ್ಳಿರಿ. ಉತ್ತರ ಬಾರದ ಒಂದು ಕಾಗದಕ್ಕಾಗಿ ಎದೆಗೆಡದೆ ಇನ್ನೊಂದನ್ನು ಬರೆಯಿರಿ. ಅಂಗಡಿ, ಕುಲುಮೆ, ಮಗ್ಗಗಳನ್ನು ಇಟ್ಟುಕೊಂಡಿರುವ ಹಿರಿಯರಿಗೂ ನಮ್ಮದೊಂದು ಮಾತಿದೆ. ಏನೂ ಅರಿಯದ ಹುಡುಗನನ್ನು ಒಂದು ವರುಷ ನೋಡಿ, ಕಾಸು ಕೇಳದೆ ಕಸುಬು ಕಲಿಸುವ ರೀಬೋ ಒಬ್ಬನು ಇಲ್ಲದಿದ್ದರೆ ಫ್ಯಾರಡೆಯ ನಂಬಿಗಸ್ತಿಕೆಗೆ ಬಾಗಿಲು ತೆರೆಯುತ್ತಿರಲಿಲ್ಲ. ನಿಮ್ಮ ಊರಿನಲ್ಲಿ ಆ ಬಾಗಿಲು ನಿಮ್ಮ ಕೈಯಲ್ಲಿದೆ.